ಪರದೇಶದ ಮನೆಯನ್ನು ಮಾರುವ ಮುನ್ನ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಪರದೇಶದಲ್ಲಿ ನೆಲೆಸಿರುವ ನಮ್ಮ ಸಮಾಜ ಬಾಂಧವರು ಈ ಮಾತಿಗೆ ಇನ್ನೊಂದನ್ನು ಸೇರಿಸಿಕೊಳ್ಳಬೇಕಾಗಿದೆ: ಕೊಂಡ ಮನೆಯನ್ನು ಮಾರಿ ನೋಡು. ಕೊಳ್ಳುವಾಗ ಬ್ಯಾಂಕಿನವರು, ಏಜೆಂಟರು, ಸ್ನೇಹಿತರು ಎಲ್ಲರೂ ನೆರವಿಗೆ ಬರುತ್ತಾರೆ. ಮಾರಿ ಊರಿಗೆ ಮರಳುವಾಗ ಎರಡು ದೇಶಗಳ ಕಾನೂನುಗಳು ಒಮ್ಮೆಗೇ ಎದುರಾಗುತ್ತವೆ.

ಅಮೆರಿಕ ದೇಶವು 1965ರಲ್ಲಿ ತನ್ನ ವಲಸೆ ಕಾಯಿದೆಯನ್ನು ಸಡಿಲಿಸಿತು. ಸುಮಾರು ಅದೇ ಕಾಲಕ್ಕೆ ನಮ್ಮಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯವು 1963ರಲ್ಲಿಯೂ ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಮಹಾವಿದ್ಯಾಲಯವು 1965ರಲ್ಲಿಯೂ ಆರಂಭಗೊಂಡವು. ಮುಂದಿನ ದಶಕಗಳಲ್ಲಿ ಉತ್ತರ ಕರ್ನಾಟಕದ ಮತ್ತು ಮಧ್ಯ ಕರ್ನಾಟಕದ ವೈದ್ಯರು ಸಮುದ್ರ ದಾಟಿದರು. ಅವರ ನಂತರ ಎಂಜಿನಿಯರುಗಳೂ ಕಂಪ್ಯೂಟರ್ ತಜ್ಞರೂ ಹೋದರು. ಅವರೆಲ್ಲ ಅಲ್ಲಿ ಮನೆ ಮಾಡಿ, ಒಂದು ಕೋಣೆಯನ್ನು ಲಿಂಗಪೂಜೆಗೆ ಮೀಸಲಿಟ್ಟು, ಜಂಗಮರನ್ನೂ ಅತಿಥಿಗಳನ್ನೂ ಆದರಿಸಿದರು. ಇಂದು ಆ ಮನೆಗಳಲ್ಲಿ ಅನೇಕವು ಮಾರಾಟದ ಪ್ರಶ್ನೆಯನ್ನು ಎದುರಿಸುತ್ತಿವೆ. ಊರಿನಲ್ಲಿ ತಂದೆ-ತಾಯಿ ವೃದ್ಧರಾಗಿದ್ದಾರೆ, ಅಥವಾ ಉದ್ಯೋಗದ ವೀಸಾ ಮುಗಿಯುತ್ತಿದೆ, ಅಥವಾ ನಿವೃತ್ತರಾದ ದಂಪತಿಗಳು ಉಳಿದ ಆಯುಷ್ಯವನ್ನು ಸ್ವಸ್ಥಾನದಲ್ಲಿ ಕಳೆಯಬಯಸಿದ್ದಾರೆ. ಇಂತಹ ಕುಟುಂಬಗಳಿಗೆ ಉಪಯುಕ್ತವಾಗಲೆಂದು ಮುಖ್ಯ ವಿಷಯಗಳನ್ನು ಇಲ್ಲಿ ಕ್ರಮವಾಗಿ ನಿರೂಪಿಸುತ್ತಿದ್ದೇವೆ.

ಮಾರಾಟದ ಕ್ರಮ

ನಮ್ಮಲ್ಲಿ ಮಾರುವವರೂ ಕೊಳ್ಳುವವರೂ ಉಪನೋಂದಣಾಧಿಕಾರಿಯ ಕಛೇರಿಗೆ ಹೋಗಿ, ಹೆಬ್ಬೆರಳಿನ ಗುರುತು ಕೊಟ್ಟು, ಭಾವಚಿತ್ರ ತೆಗೆಸಿಕೊಂಡು ಕ್ರಯಪತ್ರ ಮಾಡಿಕೊಡುತ್ತಾರೆ. ಅಮೆರಿಕದಲ್ಲಿ ಕ್ರಮ ಬೇರೆ. ಅಲ್ಲಿ ಟೈಟಲ್ ಕಂಪನಿ ಅಥವಾ ಎಸ್ಕ್ರೋ ಸಂಸ್ಥೆ ಎಂಬ ಮಧ್ಯಸ್ಥರಿರುತ್ತಾರೆ. ನ್ಯೂಯಾರ್ಕಿನಂತಹ ರಾಜ್ಯಗಳಲ್ಲಿ ವಕೀಲರೇ ಈ ಕೆಲಸ ನಡೆಸುತ್ತಾರೆ. ಹಕ್ಕುಪತ್ರಗಳ ಶೋಧ, ಬ್ಯಾಂಕಿನ ಸಾಲ ತೀರಿಸುವುದು, ಆಸ್ತಿ ತೆರಿಗೆಯನ್ನು ಉಭಯತರಿಗೆ ದಿನಗಳ ಲೆಕ್ಕದಲ್ಲಿ ಹಂಚುವುದು, ಉಳಿದ ಹಣವನ್ನು ಮಾರಿದವರಿಗೆ ತಲುಪಿಸುವುದು ಇವೆಲ್ಲವೂ ಅವರ ಮೂಲಕವೇ ಆಗುತ್ತವೆ. ಸಹಿ ಮಾಡಿದ ಕ್ರಯಪತ್ರವು ಕೌಂಟಿಯ ದಾಖಲೆ ಕಛೇರಿಯಲ್ಲಿ ದಾಖಲಾಗುತ್ತದೆ.

ಇನ್ನೆರಡು ಭೇದಗಳನ್ನು ಗಮನಿಸಬೇಕು. ಪತ್ರದಲ್ಲಿ ಒಂದು ಬೆಲೆ, ಕೈಯಲ್ಲಿ ಇನ್ನೊಂದು ಬೆಲೆ ಎಂಬ ಪದ್ಧತಿಗೆ ಅಲ್ಲಿ ಎಡೆಯಿಲ್ಲ. ಪೂರ್ಣ ಬೆಲೆಯೂ ಲೆಕ್ಕಪತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಎರಡನೆಯದಾಗಿ, ಬಹುತೇಕ ರಾಜ್ಯಗಳಲ್ಲಿ ಮನೆಯ ದೋಷಗಳನ್ನು ಮಾರುವವರೇ ಬರಹದಲ್ಲಿ ತಿಳಿಸಬೇಕು. ನೆಲಮಾಳಿಗೆಗೆ ನೀರು ನುಗ್ಗಿದ್ದರೆ, ಛಾವಣಿ ಸೋರಿದ್ದರೆ ಅದನ್ನು ಮುಚ್ಚಿಡುವಂತಿಲ್ಲ. ಮುಚ್ಚಿಟ್ಟರೆ ಮಾರಾಟವಾದ ನಂತರವೂ ದಾವೆ ಬರಬಹುದು. 1978ಕ್ಕಿಂತ ಮೊದಲು ಕಟ್ಟಿದ ಮನೆಯಾದರೆ ಸೀಸ ಬೆರೆತ ಬಣ್ಣದ ಬಗ್ಗೆ ತಿಳಿಸುವುದು ಕೇಂದ್ರ ಕಾನೂನಿನಿಂದಲೇ ಕಡ್ಡಾಯ. ಸತ್ಯಶುದ್ಧ ಕಾಯಕವನ್ನು ನಂಬಿದ ಮನೆತನಗಳಿಗೆ ಈ ನಿಯಮಗಳು ಭಾರವೆನಿಸಲಾರವು.

ಹೊರಡುವ ಮುನ್ನವೋ, ಹೊರಟ ನಂತರವೋ?

ಇದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಅಮೆರಿಕದಲ್ಲಿ 1980ರಲ್ಲಿ ಒಂದು ಕಾಯಿದೆ ಬಂದಿತು. ಅದನ್ನು ಸಂಕ್ಷಿಪ್ತವಾಗಿ ‘ಫಿರ್ಪ್ಟಾ’ ಎನ್ನುತ್ತಾರೆ. ಇದರ ಪ್ರಕಾರ ತೆರಿಗೆಯ ದೃಷ್ಟಿಯಿಂದ ‘ವಿದೇಶೀಯ’ ಎನಿಸಿದವರು ಸ್ಥಿರಾಸ್ತಿ ಮಾರಿದರೆ, ಕೊಳ್ಳುವವರು ಬೆಲೆಯ ಶೇಕಡಾ 15ರಷ್ಟನ್ನು ಹಿಡಿದಿಟ್ಟುಕೊಂಡು ಸರ್ಕಾರಕ್ಕೆ ಕಟ್ಟಬೇಕು. 2016ರ ಫೆಬ್ರವರಿಯವರೆಗೆ ಈ ಪ್ರಮಾಣ ಶೇಕಡಾ 10 ಇತ್ತು. ಕೊಳ್ಳುವವರು ತಾವೇ ವಾಸಿಸಲು ಕೊಳ್ಳುತ್ತಿದ್ದು, ಬೆಲೆ 3 ಲಕ್ಷ ಡಾಲರಿಗೆ ಮೀರದಿದ್ದರೆ ಏನನ್ನೂ ಹಿಡಿಯಬೇಕಿಲ್ಲ. 10 ಲಕ್ಷ ಡಾಲರಿನ ಒಳಗಿದ್ದರೆ ಶೇಕಡಾ 10 ಹಿಡಿದರೆ ಸಾಕು.

ಇಲ್ಲಿ ‘ವಿದೇಶೀಯ’ ಎಂಬುದು ಪಾಸ್‌ಪೋರ್ಟನ್ನು ಮಾತ್ರ ನೋಡಿ ನಿರ್ಧಾರವಾಗುವುದಿಲ್ಲ. ಗ್ರೀನ್ ಕಾರ್ಡ್ ಉಳ್ಳವರು ಸಾಮಾನ್ಯವಾಗಿ ವಿದೇಶೀಯರಲ್ಲ. ಉದ್ಯೋಗದ ವೀಸಾದಲ್ಲಿದ್ದು ಅಲ್ಲಿನ 183 ದಿನಗಳ ಲೆಕ್ಕಕ್ಕೆ ಒಳಪಟ್ಟವರೂ ತೆರಿಗೆಯ ಮಟ್ಟಿಗೆ ನಿವಾಸಿಗಳೇ. ಅಂತಹವರು ತಾವು ವಿದೇಶೀಯರಲ್ಲವೆಂದು ಪ್ರಮಾಣಪತ್ರ ಬರೆದುಕೊಟ್ಟರೆ ಹಣ ಹಿಡಿಯುವ ಪ್ರಶ್ನೆಯೇ ಇಲ್ಲ. ಆದರೆ ದೇಶ ಬಿಟ್ಟು ಊರಿಗೆ ಬಂದು ನೆಲೆಸಿದ ಮೇಲೆ ಈ ಸ್ಥಾನ ಬದಲಾಗುತ್ತದೆ. ಅದೇ ಮನೆ, ಅದೇ ಬೆಲೆ. ಜೂನ್ ತಿಂಗಳಲ್ಲಿ ಅಲ್ಲಿದ್ದು ಮಾರಿದವರಿಗೆ ಇಲ್ಲದ ತೊಡಕು ನವೆಂಬರಿನಲ್ಲಿ ಧಾರವಾಡದಿಂದ ಮಾರಿದವರಿಗೆ ಬರಬಹುದು.

ಈ ಹಣ ಹಿಡಿಯುವುದು ಲಾಭದ ಮೇಲಲ್ಲ, ಪೂರ್ಣ ಬೆಲೆಯ ಮೇಲೆ. ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಒಂದು ಮನೆಯನ್ನು 4,00,000 ಡಾಲರಿಗೆ ಕೊಂಡು, 38,000 ಡಾಲರ್ ವ್ಯಯಿಸಿ ಹೊಸ ಕೋಣೆ ಕಟ್ಟಿಸಿ, 7,00,000 ಡಾಲರಿಗೆ ಮಾರಲಾಯಿತೆನ್ನಿ. ಏಜೆಂಟರ ದಲ್ಲಾಳಿ ಮುಂತಾದ ಖರ್ಚು 42,000 ಡಾಲರ್. ನಿಜವಾದ ಲಾಭ 2,20,000 ಡಾಲರ್. ಮುಂದೆ ಹೇಳುವ ವಿನಾಯಿತಿಯಿಂದ ಇದಕ್ಕೆ ಕೇಂದ್ರ ತೆರಿಗೆಯೇ ಇಲ್ಲದಿರಬಹುದು. ಆದರೂ ಮಾರಿದವರು ವಿದೇಶೀಯರಾದರೆ 70,000 ಡಾಲರ್, ಕೊಂಡವರು ವಾಸಕ್ಕಲ್ಲದೆ ಹೂಡಿಕೆಗಾಗಿ ಕೊಂಡಿದ್ದರೆ 1,05,000 ಡಾಲರ್ ಸರ್ಕಾರದ ವಶಕ್ಕೆ ಹೋಗುತ್ತದೆ. ಮುಂದಿನ ವರ್ಷ ಅನಿವಾಸಿಗಳ ತೆರಿಗೆ ವಿವರಪತ್ರ ಸಲ್ಲಿಸಿ ಅದನ್ನು ಮರಳಿ ಪಡೆಯಬೇಕು. ಬ್ಯಾಂಕಿನ ಸಾಲ ಹೆಚ್ಚಾಗಿ ಉಳಿದಿದ್ದರೆ, ಸಾಲ ತೀರಿಸಿ ಈ ಮೊತ್ತವನ್ನೂ ಕೊಡಲು ಕೈಯಿಂದಲೇ ಹಣ ಹಾಕಬೇಕಾಗಿ ಬಂದೀತು. ಊರಿನಲ್ಲಿ ತಂದೆಯ ಚಿಕಿತ್ಸೆಗೋ ಮಗಳ ವಿವಾಹಕ್ಕೋ ಆ ಹಣವನ್ನೇ ನೆಚ್ಚಿಕೊಂಡ ಕುಟುಂಬಕ್ಕೆ ಇದು ಸಣ್ಣ ಸಂಕಟವಲ್ಲ.

ಇದಕ್ಕೆ ಪರಿಹಾರವೂ ಉಂಟು. ಮಾರಾಟ ಮುಗಿಯುವ ದಿನ ಅಥವಾ ಅದಕ್ಕೆ ಮೊದಲೇ 8288-ಬಿ ಎಂಬ ನಮೂನೆಯಲ್ಲಿ ಅರ್ಜಿ ಸಲ್ಲಿಸಿ, ನಿಜವಾದ ತೆರಿಗೆ ಇಷ್ಟೇ ಎಂದು ತೋರಿಸಿದರೆ, ಹಿಡಿಯುವ ಹಣವನ್ನು ಕಡಿಮೆ ಮಾಡುವ ಪ್ರಮಾಣಪತ್ರ ದೊರೆಯುತ್ತದೆ. ಅರ್ಜಿ ಇತ್ಯರ್ಥವಾಗುವವರೆಗೆ ಹಣ ಮಧ್ಯಸ್ಥರ ಬಳಿಯೇ ಇರುತ್ತದೆ. ಅಲ್ಲಿನ ಇಲಾಖೆ ಸಾಮಾನ್ಯವಾಗಿ 90 ದಿನಗಳ ಅವಧಿಯನ್ನು ಹೇಳುತ್ತದೆ. ಪತಿ-ಪತ್ನಿಯರ ಜಂಟಿ ಹೆಸರಿನಲ್ಲಿ ಮನೆಯಿದ್ದು, ಪತ್ನಿಗೆ ಅಲ್ಲಿನ ಸಾಮಾಜಿಕ ಭದ್ರತಾ ಸಂಖ್ಯೆ ಇಲ್ಲದಿದ್ದರೆ ತೆರಿಗೆ ಸಂಖ್ಯೆಯೊಂದನ್ನು ಮೊದಲೇ ಪಡೆದಿರುವುದು ಒಳಿತು. ಕ್ಯಾಲಿಫೋರ್ನಿಯದಂತಹ ಕೆಲವು ರಾಜ್ಯಗಳು ತಮ್ಮ ಪಾಲಿಗೆ ಪ್ರತ್ಯೇಕವಾಗಿ ಹಣ ಹಿಡಿಯುವುದೂ ಉಂಟು.

ಲಾಭ ಮತ್ತು ವಿನಾಯಿತಿ

1997ರ ಕಾನೂನಿನಂತೆ, ಮಾರುವ ಮೊದಲಿನ 5 ವರ್ಷಗಳಲ್ಲಿ ಒಟ್ಟು 2 ವರ್ಷ ಆ ಮನೆಯ ಒಡೆತನ ಹೊಂದಿ, ಅಲ್ಲಿಯೇ ಮುಖ್ಯವಾಗಿ ವಾಸಿಸಿದ್ದವರಿಗೆ 2,50,000 ಡಾಲರಿನವರೆಗಿನ ಲಾಭಕ್ಕೆ ತೆರಿಗೆಯಿಲ್ಲ. ಜಂಟಿಯಾಗಿ ವಿವರಪತ್ರ ಸಲ್ಲಿಸುವ ದಂಪತಿಗಳಿಗೆ ಇದು 5,00,000 ಡಾಲರ್. ಈ ವಿನಾಯಿತಿಗೆ ಪೌರತ್ವದ ನಿರ್ಬಂಧವಿಲ್ಲ. ಆದರೆ ಅನಿವಾಸಿಗಳು ಸಾಮಾನ್ಯವಾಗಿ ಜಂಟಿ ವಿವರಪತ್ರ ಸಲ್ಲಿಸುವಂತಿಲ್ಲವಾದ್ದರಿಂದ, ಇಬ್ಬರೂ ತಮ್ಮ ತಮ್ಮ ಪಾಲಿಗೆ ಬೇರೆಬೇರೆಯಾಗಿ ಇದನ್ನು ಕೇಳಬೇಕಾಗುತ್ತದೆ.

ಮನೆಗೆ ಸೇರಿಸಿದ ಕೋಣೆ, ಹೊಸ ಛಾವಣಿ ಇತ್ಯಾದಿ ಶಾಶ್ವತ ಸುಧಾರಣೆಗಳ ವೆಚ್ಚವನ್ನು ಕೊಂಡ ಬೆಲೆಗೆ ಕೂಡಿಸಬಹುದು. ಸಣ್ಣಪುಟ್ಟ ದುರಸ್ತಿಯನ್ನು ಕೂಡಿಸುವಂತಿಲ್ಲ. ಆದ್ದರಿಂದ ಹಳೆಯ ರಸೀದಿಗಳನ್ನು ಕಸವೆಂದು ಎಸೆಯಬಾರದು. ಊರಿಗೆ ಹೊರಡುವಾಗ ಪಾತ್ರೆಪಗಡೆಗಳಿಗಿಂತ ಮೊದಲು ಈ ಕಾಗದಗಳನ್ನು ಕಟ್ಟಿಡಬೇಕು.

‘ಸದ್ಯಕ್ಕೆ ಬಾಡಿಗೆಗೆ ಕೊಟ್ಟು ಹೋಗೋಣ, ಬೆಲೆ ಏರಿದ ಮೇಲೆ ಮಾರೋಣ’ ಎನ್ನುವವರು ಮೂರು ವಿಷಯಗಳನ್ನು ನೆನಪಿಡಬೇಕು. ಮನೆ ಬಿಟ್ಟು 3 ವರ್ಷ ಕಳೆದರೆ ಮೇಲಿನ ವಿನಾಯಿತಿ ಕೈತಪ್ಪುತ್ತದೆ. ಬಾಡಿಗೆಯ ಕಾಲದ ಸವಕಳಿಯ ಮೊತ್ತಕ್ಕೆ ಮಾರುವಾಗ ಶೇಕಡಾ 25ರವರೆಗೆ ತೆರಿಗೆ ಬೀಳುತ್ತದೆ. ಅನಿವಾಸಿಗಳು ಖರ್ಚು ಕಳೆದ ಆದಾಯಕ್ಕೆ ತೆರಿಗೆ ಕಟ್ಟುವ ಆಯ್ಕೆಯನ್ನು ವಿಧಿವತ್ತಾಗಿ ಮಾಡಿಕೊಳ್ಳದಿದ್ದರೆ, ಪೂರ್ಣ ಬಾಡಿಗೆಯ ಮೇಲೆಯೇ ಶೇಕಡಾ 30ರ ತೆರಿಗೆ ಅನ್ವಯಿಸುತ್ತದೆ.

ಊರಿಗೆ ಮರಳಿದ ಮೇಲೆ

ಪರದೇಶದಲ್ಲಿ ನೆಲೆಸಿದ್ದಾಗ ಕೊಂಡ ಆಸ್ತಿಯನ್ನು ಭಾರತಕ್ಕೆ ಮರಳಿದ ಮೇಲೂ ಇಟ್ಟುಕೊಳ್ಳಲು 1999ರ ವಿದೇಶೀ ವಿನಿಮಯ ನಿರ್ವಹಣಾ ಕಾಯಿದೆಯ 6(4)ನೆಯ ಪ್ರಕರಣ ಅವಕಾಶ ಕೊಡುತ್ತದೆ. ಆದ್ದರಿಂದ ಅವಸರಪಟ್ಟು ಅಗ್ಗದ ಬೆಲೆಗೆ ಮಾರಬೇಕಾದ ಕಾರಣವಿಲ್ಲ. ಆದರೆ ತೆರಿಗೆಯ ಗಡಿಯಾರ ನಡೆಯುತ್ತಲೇ ಇರುತ್ತದೆ. ಬಹುಕಾಲ ಹೊರಗಿದ್ದು ಬಂದವರನ್ನು ನಮ್ಮ ಕಾನೂನು ಸಾಮಾನ್ಯವಾಗಿ ಎರಡು, ಕೆಲವೊಮ್ಮೆ ಮೂರು ವರ್ಷ ‘ಸಾಮಾನ್ಯ ನಿವಾಸಿಯಲ್ಲದ ನಿವಾಸಿ’ ಎಂದು ಪರಿಗಣಿಸುತ್ತದೆ. ಈ ಅವಧಿಯಲ್ಲಿ ಪರದೇಶದ ಮನೆ ಮಾರಿ, ಹಣವನ್ನು ಮೊದಲು ಅಲ್ಲಿನ ಬ್ಯಾಂಕ್ ಖಾತೆಗೇ ಪಡೆದುಕೊಂಡರೆ, ಆ ಲಾಭಕ್ಕೆ ಇಲ್ಲಿ ತೆರಿಗೆ ಬರುವುದಿಲ್ಲ.

ಆ ಅವಧಿ ಮುಗಿದು ಪೂರ್ಣ ನಿವಾಸಿಯಾದ ಮೇಲೆ ಜಗತ್ತಿನ ಎಲ್ಲಿಯ ಲಾಭವಾದರೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ 2,50,000 ಡಾಲರಿನ ವಿನಾಯಿತಿ ನಮ್ಮ ಕಾನೂನಿನಲ್ಲಿ ಇಲ್ಲ. 1989ರ ಭಾರತ-ಅಮೆರಿಕ ತೆರಿಗೆ ಒಪ್ಪಂದವು ಬಂಡವಾಳ ಲಾಭಕ್ಕೆ ಎರಡೂ ದೇಶಗಳು ತಮ್ಮ ತಮ್ಮ ಕಾನೂನಿನಂತೆ ತೆರಿಗೆ ಹಾಕಲು ಬಿಟ್ಟಿದೆ. ಹೀಗಾಗಿ ಅಲ್ಲಿ ಶೂನ್ಯವಾದ ತೆರಿಗೆ ಇಲ್ಲಿ ದೊಡ್ಡದಾಗಬಹುದು. ಇದಲ್ಲದೆ ಪೂರ್ಣ ನಿವಾಸಿಗಳು ಪರದೇಶದ ಸ್ಥಿರಾಸ್ತಿಯನ್ನು ಪ್ರತಿವರ್ಷದ ವಿವರಪತ್ರದಲ್ಲಿ ತಿಳಿಸಲೇಬೇಕು. ತಿಳಿಸದಿದ್ದರೆ 2015ರ ಕಪ್ಪುಹಣ ಕಾಯಿದೆಯಂತೆ 10 ಲಕ್ಷ ರೂಪಾಯಿಗಳ ದಂಡಕ್ಕೆ ಗುರಿಯಾಗಬಹುದು.

ಮರಳಿ ಬಂದವರು ಮಾರಾಟದ ಹಣವನ್ನು ಇಲ್ಲಿನ ಬ್ಯಾಂಕಿನಲ್ಲಿ ನಿವಾಸಿ ವಿದೇಶೀ ಕರೆನ್ಸಿ ಖಾತೆ ತೆರೆದು ಡಾಲರಿನಲ್ಲಿಯೇ ಇರಿಸಬಹುದು. ಸ್ವತಃ ಹೋಗಲಾಗದವರು ಅಧಿಕಾರಪತ್ರದ ಮೂಲಕ ಮಾರಬಹುದು. ಅದನ್ನು ಅಮೆರಿಕದ ಕಾನ್ಸುಲೇಟಿನಲ್ಲಿ ದೃಢೀಕರಿಸಬಹುದು, ಅಥವಾ ಇಲ್ಲಿಯ ನೋಟರಿಯಿಂದ ಮಾಡಿಸಿ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಪಡೆಯಬಹುದು. ಭಾರತದಲ್ಲಿ ಈ ವ್ಯವಸ್ಥೆ 2005ರಿಂದ ಜಾರಿಯಲ್ಲಿದೆ. ಟೈಟಲ್ ಕಂಪನಿಗೆ ಕರಡನ್ನು ಮೊದಲೇ ಕಳುಹಿಸಿ ಒಪ್ಪಿಗೆ ಪಡೆಯುವುದು ಅವಶ್ಯ. ಹಣ ಕಳುಹಿಸುವ ಖಾತೆ ಬದಲಾಗಿದೆಯೆಂದು ಇ-ಮೇಲ್ ಬಂದರೆ, ಮೊದಲಿನಿಂದ ಗೊತ್ತಿರುವ ಸಂಖ್ಯೆಗೆ ದೂರವಾಣಿ ಮಾಡಿ ವಿಚಾರಿಸದೆ ನಂಬಬಾರದು. ಈ ಬಗೆಯ ವಂಚನೆ ಅಲ್ಲಿ ಸಾಮಾನ್ಯವಾಗಿದೆ.

ವಾರಸುದಾರರ ಚಿಂತೆ

ಹಿರಿಯರು ಮಾತನಾಡಲು ಹಿಂಜರಿಯುವ ವಿಷಯವಿದು. ಗ್ರೀನ್ ಕಾರ್ಡ್ ಹಿಂದಿರುಗಿಸಿ ಊರಿಗೆ ಬಂದು ಸ್ಥಿರವಾಗಿ ನೆಲೆಸಿದ ಭಾರತೀಯ ಪ್ರಜೆಯೊಬ್ಬರು ಅಮೆರಿಕದ ಮನೆಯನ್ನು ಮಾರದೆಯೇ ಲಿಂಗೈಕ್ಯರಾದರೆ, ಅವರ ಅಲ್ಲಿಯ ಆಸ್ತಿಯಲ್ಲಿ ಕೇವಲ 60,000 ಡಾಲರಿಗೆ ಮಾತ್ರ ಮರಣೋತ್ತರ ಆಸ್ತಿ ತೆರಿಗೆಯ ವಿನಾಯಿತಿ. ಉಳಿದುದಕ್ಕೆ ಶೇಕಡಾ 40ರವರೆಗೆ ತೆರಿಗೆ ಬರಬಹುದು. ಅಮೆರಿಕದ ಪೌರರಿಗಿರುವ ಬಹು ದೊಡ್ಡ ವಿನಾಯಿತಿ ಇವರಿಗಿಲ್ಲ. ಭಾರತದೊಂದಿಗೆ ಈ ತೆರಿಗೆಯ ಬಗ್ಗೆ ಒಪ್ಪಂದವೂ ಇಲ್ಲ. ಮನೆಯ ಮೇಲಿನ ಮಮತೆಯಿಂದ ವರ್ಷಗಟ್ಟಲೆ ಅದನ್ನು ಹಾಗೆಯೇ ಉಳಿಸಿಕೊಂಡವರು ಮಕ್ಕಳಿಗೆ ಆಸ್ತಿಯ ಬದಲು ತೊಡಕನ್ನು ಬಿಟ್ಟುಹೋಗುವ ಸಂಭವವಿದೆ. ಇನ್ನೊಂದು ಎಚ್ಚರಿಕೆ: ಕಳೆದ 15 ವರ್ಷಗಳಲ್ಲಿ 8 ವರ್ಷ ಗ್ರೀನ್ ಕಾರ್ಡ್ ಹೊಂದಿದ್ದವರು ಅದನ್ನು ಹಿಂದಿರುಗಿಸುವ ಮೊದಲು ನಿರ್ಗಮನ ತೆರಿಗೆಯ ಬಗ್ಗೆ ಬಲ್ಲವರನ್ನು ಕೇಳಬೇಕು.

ಇತರ ದೇಶಗಳಲ್ಲಿ

ಆಸ್ಟ್ರೇಲಿಯದ ನಿಯಮ ಇನ್ನೂ ಕಠಿಣ. 2020ರ ಜುಲೈ 1ರಿಂದ, ತೆರಿಗೆಯ ದೃಷ್ಟಿಯಿಂದ ವಿದೇಶಿ ನಿವಾಸಿಯಾದ ಮೇಲೆ ಮಾರಿದರೆ, ಎಷ್ಟೇ ವರ್ಷ ಅಲ್ಲಿ ವಾಸಿಸಿದ್ದರೂ ವಾಸದ ಮನೆಯ ವಿನಾಯಿತಿ ಸಾಮಾನ್ಯವಾಗಿ ದೊರೆಯುವುದಿಲ್ಲ. 2025ರ ಜನವರಿ 1ರಿಂದ ಹಿಡಿಯುವ ಹಣವೂ ಬೆಲೆಯ ಶೇಕಡಾ 15 ಆಗಿದೆ. ಅಲ್ಲಿರುವ ನಮ್ಮವರು ಹೊರಡುವ ಮುನ್ನವೇ ಯೋಚಿಸಬೇಕು. ಥೇಮ್ಸ್ ನದಿಯ ದಡದಲ್ಲಿ 2015ರಲ್ಲಿ ಬಸವೇಶ್ವರರ ಪ್ರತಿಮೆ ಅನಾವರಣಗೊಂಡ ಬ್ರಿಟನ್ನಿನಲ್ಲಿ, ಅನಿವಾಸಿಗಳು ಮನೆ ಮಾರಿದ 60 ದಿನಗಳೊಳಗೆ ತೆರಿಗೆ ಇಲಾಖೆಗೆ ತಿಳಿಸಬೇಕು. ತೆರಿಗೆ ಇಲ್ಲದಿದ್ದರೂ ತಿಳಿಸುವುದು ತಪ್ಪದು.

ಕೊನೆಯದಾಗಿ

ಮಾರುವ ನಿರ್ಧಾರವನ್ನು ಮನೆಯವರೆಲ್ಲ ಕುಳಿತು ಕೈಗೊಳ್ಳಬೇಕು. ಅಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಅದು ತವರುಮನೆ. ಅವರ ಮಾತಿಗೂ ಬೆಲೆ ಕೊಡಬೇಕು. ಹೊರಡುವ ದಿನಕ್ಕೆ ಕನಿಷ್ಠ ಒಂದು ವರ್ಷ ಮೊದಲು ಎರಡೂ ದೇಶಗಳ ತೆರಿಗೆ ಬಲ್ಲ ಲೆಕ್ಕಪರಿಶೋಧಕರನ್ನು ಕಾಣಬೇಕು. ಒಂದೇ ದೇಶದ ಕಾನೂನು ಬಲ್ಲವರ ಸಲಹೆ ಅರ್ಧ ಸಲಹೆಯಷ್ಟೆ. ಕ್ರಯಪತ್ರ, ಸಾಲದ ಕಾಗದ, ಸುಧಾರಣೆಯ ರಸೀದಿ, ವಾಸದ ದಾಖಲೆ, ದೇಶ ಪ್ರವೇಶ-ನಿರ್ಗಮನದ ದಿನಾಂಕಗಳು ಇವಿಷ್ಟೂ ಒಂದೆಡೆ ಇರಲಿ.

ಪರಸ್ಥಳದಲ್ಲಿ ದುಡಿದು ಗಳಿಸಿದ ಧನವು ಕಾಯಕದ ಫಲ. ಅದು ಅಜ್ಞಾನದಿಂದ ದಂಡಕ್ಕೋ ಅವಸರದಿಂದ ನಷ್ಟಕ್ಕೋ ಹೋಗಬಾರದು. ಸಲ್ಲಬೇಕಾದ ತೆರಿಗೆಯನ್ನು ಮುಚ್ಚಿಟ್ಟು ಉಳಿಸಿಕೊಳ್ಳುವುದೂ ಶರಣರ ಮಾರ್ಗವಲ್ಲ. ಸರ್ಕಾರಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಿ ಉಳಿದ ಹಣದಲ್ಲಿ ವೃದ್ಧರ ಸೇವೆ, ಮಕ್ಕಳ ವಿದ್ಯೆ, ಶಕ್ತ್ಯಾನುಸಾರ ದಾಸೋಹ ನಡೆಯಲಿ. ಮರಳಿ ಬರುವ ಕುಟುಂಬಗಳನ್ನು ಊರು ಆದರದಿಂದ ಬರಮಾಡಿಕೊಳ್ಳಲಿ ಎಂದು ಹಾರೈಸುತ್ತೇವೆ.