ಶ್ಯಾನನ್ ಬೇಲಿಯೊಳಗಿನ ಕಂಪನಿಗಳು

ಯುರೋಪಿನಿಂದ ಅಮೆರಿಕಕ್ಕೆ ಹಾರುವ ಬಹಳಷ್ಟು ವಿಮಾನಗಳಿಗೆ ಒಂದು ಕಾಲದಲ್ಲಿ ಐರ್ಲೆಂಡಿನ ಶ್ಯಾನನ್‌ನಲ್ಲಿ ಇಳಿಯದೆ ವಿಧಿಯಿರಲಿಲ್ಲ. ಅಟ್ಲಾಂಟಿಕ್ ಸಾಗರದ ಮೇಲೆ ಹೊರಡುವ ಮುನ್ನ ಅಲ್ಲಿ ಟ್ಯಾಂಕು ತುಂಬಿಸಿಕೊಳ್ಳಲೇಬೇಕಿತ್ತು. ಕಾದು ಕೂತ ಪ್ರಯಾಣಿಕರ ಜೇಬಿನ ಡಾಲರು ಅಲ್ಲೇ ಖರ್ಚಾಗಲಿ ಎಂದು ಬ್ರೆಂಡನ್ ಒ'ರೀಗನ್ ಎಂಬವರು 1947ರಲ್ಲಿ ಸುಂಕವಿಲ್ಲದ ಅಂಗಡಿ ತೆರೆದರು. ಇವತ್ತು ಅಂತರರಾಷ್ಟ್ರೀಯ ವಿಮಾನ ನಿಲ್ದಾಣಗಳಲ್ಲಿ ಕಾಣುವ ಡ್ಯೂಟಿ ಫ್ರೀ ಅಂಗಡಿಗಳ ಮೂಲ ಅದು.

1958ರ ಅಕ್ಟೋಬರಿನಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟತೊಡಗಿದವು. ಅವುಗಳ ಟ್ಯಾಂಕು ದೊಡ್ಡದು, ಶ್ಯಾನನ್ ಹಂಗು ಬೇಕಿರಲಿಲ್ಲ. ವಿಮಾನಗಳು ಇಳಿಯದಿದ್ದರೆ ನಿಲ್ದಾಣ ಮುಚ್ಚಬೇಕು, ನಿಲ್ದಾಣ ಮುಚ್ಚಿದರೆ ಸುತ್ತಲಿನ ಕ್ಲೇರ್ ಜಿಲ್ಲೆಯ ಜನ ಊರು ಬಿಡಬೇಕು. ಜನ ಆಗಲೇ ಬಿಡುತ್ತಿದ್ದರು ಕೂಡ. 1950ರ ದಶಕವೊಂದರಲ್ಲೇ ಸುಮಾರು ನಾಲ್ಕು ಲಕ್ಷ ಐರಿಷರು ಕೆಲಸ ಹುಡುಕಿಕೊಂಡು ದೇಶ ತೊರೆದಿದ್ದರು. 1961ರ ಜನಗಣತಿಯಲ್ಲಿ ಸಿಕ್ಕಿದ್ದು 28 ಲಕ್ಷ ಜನ ಮಾತ್ರ.

ಒ'ರೀಗನ್ ಅವರಿಗೆ ಹೊಳೆದ ಉಪಾಯ ಅಂಗಡಿಯದೇ ಮುಂದುವರಿಕೆ. ಸುಂಕವಿಲ್ಲದೆ ಸಾಮಾನು ಮಾರಬಹುದಾದರೆ, ಸುಂಕವಿಲ್ಲದೆ ಸಾಮಾನು ತಯಾರಿಸಲೂ ಬಹುದಲ್ಲ? ನಿಲ್ದಾಣದ ಪಕ್ಕದ ಜಮೀನಿಗೆ ಬೇಲಿ ಹಾಕಿ, ಬೇಲಿಯೊಳಗೆ ಕಾರ್ಖಾನೆ ಕಟ್ಟಿ, ಹೊರದೇಶದ ಕಂಪನಿಗಳನ್ನು ಕರೆಯುವುದು. 1959ರಲ್ಲಿ ಇದಕ್ಕೆಂದೇ ಶ್ಯಾನನ್ ಅಭಿವೃದ್ಧಿ ಕಂಪನಿ ಹುಟ್ಟಿತು. ರಫ್ತಿಗಾಗಿಯೇ ಮೀಸಲಾದ ಕೈಗಾರಿಕಾ ವಲಯ ಎಂಬ ಕಲ್ಪನೆ ಇಂದಿನ ರೂಪದಲ್ಲಿ ಶುರುವಾಗಿದ್ದು ಅಲ್ಲಿಂದ.

ಆ ಐರ್ಲೆಂಡ್ ಹೊರಗಿನವರನ್ನು ಕರೆಯುವ ದೇಶವೇ ಆಗಿರಲಿಲ್ಲ ಎಂಬುದನ್ನು ಮರೆಯಬಾರದು. 1932ರ ಕಾನೂನೊಂದು ಕಾರ್ಖಾನೆಗಳು ವಿದೇಶಿಯರ ಕೈಗೆ ಹೋಗದಂತೆ ತಡೆದಿತ್ತು. ನಮ್ಮ ಸ್ವದೇಶಿಯ ಹಾಗೆ ಅವರದೂ ಬ್ರಿಟಿಷರಿಂದ ಬಿಡಿಸಿಕೊಂಡವರ ಹಟ. 1956ರಲ್ಲಿ ಹಣಕಾಸು ಮಂತ್ರಿ ಜೆರಾರ್ಡ್ ಸ್ವೀಟ್‌ಮನ್ ಮೊದಲ ಬಿಗಿ ಸಡಿಲಿಸಿದರು: ಯಾವ ಕಂಪನಿ ರಫ್ತನ್ನು ಹೆಚ್ಚಿಸುತ್ತದೆಯೋ, ಆ ಹೆಚ್ಚಳದ ಲಾಭಕ್ಕೆ ಅರ್ಧ ತೆರಿಗೆ ಮಾಫಿ. ಎರಡೇ ವರ್ಷದಲ್ಲಿ ಅದು ಪೂರ್ತಿ ಮಾಫಿಯಾಯಿತು. ಹಣಕಾಸು ಇಲಾಖೆಯ ಕಾರ್ಯದರ್ಶಿ ಟಿ.ಕೆ. ವಿಟೇಕರ್ 1958ರಲ್ಲಿ ಬರೆದ ಆರ್ಥಿಕ ವರದಿ, ಮರುವರ್ಷ ಪ್ರಧಾನಿಯಾದ ಶಾನ್ ಲೆಮಾಸ್ ಅವರ ಧೈರ್ಯ ಎರಡೂ ಕೂಡಿ ಬಾಗಿಲು ತೆರೆದುಕೊಂಡಿತು.

ಬೇಲಿಯೊಳಗೆ ಬಂದ ಕಂಪನಿಗೆ ಸಿಗುತ್ತಿದ್ದುದೇನು? ಕಟ್ಟಿ ಮುಗಿಸಿದ ಕಾರ್ಖಾನೆ ಕಟ್ಟಡ ಬಾಡಿಗೆಗೆ. ಯಂತ್ರ ತರಲು ಸಹಾಯಧನ, ಸ್ಥಳೀಯರಿಗೆ ಕೆಲಸ ಕಲಿಸಲು ಇನ್ನಷ್ಟು. ಕಚ್ಚಾಮಾಲಿಗೆ ಸುಂಕವಿಲ್ಲ, ಹೊರಗೆ ಹೋಗುವ ಸರಕಿಗೂ ಇಲ್ಲ. ರಫ್ತಿನ ಲಾಭಕ್ಕೆ ತೆರಿಗೆಯಿಲ್ಲ. ಆದರೆ ಅದೇ ಸರಕನ್ನು ಬೇಲಿ ದಾಟಿಸಿ ಐರ್ಲೆಂಡಿನೊಳಗೆ ಮಾರಹೊರಟರೆ ಪರದೇಶದಿಂದ ಬಂದ ಮಾಲಿನಂತೆ ಸುಂಕ ಕಟ್ಟಬೇಕು. ಜಪಾನಿನ ಸೋನಿ ಟ್ರಾನ್ಸಿಸ್ಟರ್ ರೇಡಿಯೊ ಜೋಡಿಸಲು ಬಂತು, ಹೆಚ್ಚು ಕಾಲ ನಿಲ್ಲಲಿಲ್ಲ. ಡಿ ಬಿಯರ್ಸ್ ಕೈಗಾರಿಕಾ ವಜ್ರದ ಕಾರ್ಖಾನೆ ಹಾಕಿತು. ಎಲಿಮೆಂಟ್ ಸಿಕ್ಸ್ ಎಂಬ ಹೆಸರಿನಲ್ಲಿ ಅದು ಅಲ್ಲೇ ಬೇರು ಬಿಟ್ಟಿತು. ಕೆಲಸಗಾರರಿಗೆ ಮನೆ ಬೇಕೆಂದು ಒಂದು ಹೊಸ ಪಟ್ಟಣವೇ ಎದ್ದಿತು.

1980ರಲ್ಲಿ ಶ್ಯಾನನ್ ನೋಡಲು ಬಂದ ಚೀನಾ ನಿಯೋಗದಲ್ಲಿ ಜಿಯಾಂಗ್ ಜೆಮಿನ್ ಎಂಬ ಅಧಿಕಾರಿಯಿದ್ದರು, ಮುಂದೆ ಆ ದೇಶದ ಅಧ್ಯಕ್ಷರಾದವರು. ಶೆನ್‌ಜೆನ್ ವಿಶೇಷ ಆರ್ಥಿಕ ವಲಯ ಹುಟ್ಟಿದ್ದೂ ಅದೇ ವರ್ಷ. ಭಾರತ ಅದಕ್ಕೂ ಮೊದಲೇ, 1965ರಲ್ಲಿ, ಗುಜರಾತಿನ ಕಾಂಡ್ಲಾದಲ್ಲಿ ಏಷ್ಯಾದ ಮೊದಲ ರಫ್ತು ವಲಯ ತೆರೆದಿತ್ತು. ಮೊದಲಿಗರಾಗಿದ್ದೂ ನಾವು ಹಿಂದೆ ಬಿದ್ದೆವು. ಬೇಲಿ ಹಾಕಿದೆವು, ಬೇಲಿಯೊಳಗೂ ಅದೇ ಪರ್ಮಿಟ್ಟು, ಅದೇ ಸಹಿ, ಅದೇ ಅಲೆದಾಟ ಉಳಿಸಿಕೊಂಡೆವು. ಶ್ಯಾನನ್‌ನ ಗುಟ್ಟು ತೆರಿಗೆ ಮಾಫಿಯಲ್ಲಿ ಎಷ್ಟಿತ್ತೋ, ಕಟ್ಟಡದಿಂದ ಕಾರ್ಮಿಕರ ತರಬೇತಿಯವರೆಗೆ ಎಲ್ಲವನ್ನೂ ಒಂದೇ ಕಚೇರಿ ನೋಡಿಕೊಳ್ಳುತ್ತಿದ್ದುದರಲ್ಲೂ ಅಷ್ಟೇ ಇತ್ತು ಎಂಬುದು ನನ್ನ ಅಂದಾಜು.

ಮಾಫಿಯೇನೂ ಶಾಶ್ವತವಾಗಿ ಉಳಿಯಲಿಲ್ಲ. 1973ರಲ್ಲಿ ಐರ್ಲೆಂಡ್ ಯುರೋಪಿಯನ್ ಸಮುದಾಯ ಸೇರಿತು. ಹೊರಗೆ ಮಾರಿದರೆ ತೆರಿಗೆಯಿಲ್ಲ, ಒಳಗೆ ಮಾರಿದರೆ ತೆರಿಗೆಯಿದೆ ಎಂಬ ಭೇದವನ್ನು ನೆರೆಯವರು ಒಪ್ಪಲಿಲ್ಲ. 1981ರಿಂದ ಹೊಸಬರಿಗೆ ರಫ್ತು ವಿನಾಯಿತಿ ನಿಂತಿತು. ಬದಲಿಗೆ ಯಾರಿಗೆ ಮಾರಿದರೂ ಸರಿ, ತಯಾರಿಕಾ ಉದ್ಯಮಕ್ಕೆ ಶೇ 10ರ ತೆರಿಗೆ ಬಂತು. 2003ರಿಂದ ವ್ಯಾಪಾರದ ಲಾಭಕ್ಕೆಲ್ಲ ಶೇ 12.5. ದೊಡ್ಡ ಬಹುರಾಷ್ಟ್ರೀಯ ಕಂಪನಿಗಳಿಗೆ 2024ರಿಂದ ಕನಿಷ್ಠ ಶೇ 15.

ಬೆಂಗಳೂರಿನ ಕಥೆಯೂ ಇದೇ ದಾರಿಯಲ್ಲಿ ನಡೆದಿದೆ. 1991ರಲ್ಲಿ ಬಂದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಯೋಜನೆ, ಆದಾಯ ತೆರಿಗೆ ಕಾಯ್ದೆಯ 10ಎ ಕಲಮು, ಎಲೆಕ್ಟ್ರಾನಿಕ್ ಸಿಟಿಯ ಉಪಗ್ರಹ ಸಂಪರ್ಕ ಎಲ್ಲ ಸೇರಿ ನಮ್ಮ ಐ.ಟಿ. ರಫ್ತನ್ನು ಬೆಳೆಸಿದವು. ಆ ತೆರಿಗೆ ರಜೆ 2011ರ ಮಾರ್ಚಿಗೆ ಮುಗಿಯಿತು. 2005ರ ಕಾಯ್ದೆಯ ವಿಶೇಷ ಆರ್ಥಿಕ ವಲಯಗಳು ಆ ಜಾಗಕ್ಕೆ ಬಂದವು: ಮೊದಲ ಐದು ವರ್ಷ ರಫ್ತಿನ ಲಾಭಕ್ಕೆ ಪೂರ್ತಿ ಮಾಫಿ, ನಂತರ ಅರ್ಧ. 2020ರ ನಂತರ ಶುರುವಾದ ಘಟಕಗಳಿಗೆ ಅದೂ ಇಲ್ಲ. ಅಮೆರಿಕ ಹೂಡಿದ ವ್ಯಾಜ್ಯದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸಮಿತಿ 2019ರಲ್ಲಿ, ಇಂಥ ರಫ್ತು ವಿನಾಯಿತಿ ನಿಷಿದ್ಧ ಸಬ್ಸಿಡಿ ಎಂದಿತು. ಭಾರತ ಮೇಲ್ಮನವಿ ಹಾಕಿತು. ಕೇಳಬೇಕಾದ ಪೀಠದಲ್ಲಿ ನ್ಯಾಯಾಧೀಶರೇ ಇಲ್ಲದಾಯಿತು; 2023ರಲ್ಲಿ ಎರಡೂ ದೇಶಗಳು ವ್ಯಾಜ್ಯ ಮುಗಿಸಿಕೊಂಡವು.

ತೆರಿಗೆ ರಿಯಾಯಿತಿಯ ಇನ್ನೊಂದು ಮುಖವೂ ಐರ್ಲೆಂಡಿನದೇ. ಆ್ಯಪಲ್ 1980ರಲ್ಲಿ ಕಾರ್ಕ್ ನಗರದಲ್ಲಿ ಕಾರ್ಖಾನೆ ತೆರೆಯಿತು. ಯಂತ್ರ, ಜನ, ಕೆಲಸ ಎಲ್ಲ ಇದ್ದ ನಿಜವಾದ ಕಾರ್ಖಾನೆ. ಆದರೆ ಅದರ ಐರಿಷ್ ಕಂಪನಿಗಳ ಲಾಭದ ಬಹುಪಾಲು ಜಮೆಯಾಗುತ್ತಿದ್ದುದು ಕಟ್ಟಡವಾಗಲಿ ನೌಕರರಾಗಲಿ ಇಲ್ಲದ, ಕಾಗದದ ಮೇಲಷ್ಟೇ ಇದ್ದ 'ಮುಖ್ಯ ಕಚೇರಿ'ಯ ಲೆಕ್ಕಕ್ಕೆ. 1,300 ಕೋಟಿ ಯೂರೊ ತೆರಿಗೆ ವಸೂಲು ಮಾಡಿ ಎಂದು ಯುರೋಪಿಯನ್ ಆಯೋಗ 2016ರಲ್ಲಿ ಆದೇಶಿಸಿದಾಗ, ಹಣ ಬೇಡವೆಂದು ಐರಿಷ್ ಸರ್ಕಾರವೇ ಕೋರ್ಟಿಗೆ ಹೋಯಿತು! ಬರಬೇಕಾದ ಹಣವನ್ನು ಬೇಡವೆನ್ನುವ ಖಜಾನೆ ಇನ್ನೆಲ್ಲಿ ಸಿಕ್ಕೀತು? 2024ರ ಸೆಪ್ಟೆಂಬರ್ 10ರಂದು ಯುರೋಪಿನ ಅತ್ಯುನ್ನತ ನ್ಯಾಯಾಲಯ ಆಯೋಗದ ಆದೇಶವನ್ನೇ ಎತ್ತಿಹಿಡಿಯಿತು. ಬೇಲಿಯೊಳಗೆ ಕೂತು ದುಡಿದ ಕಂಪನಿಗೆ ಸಿಕ್ಕ ರಿಯಾಯಿತಿಯೂ ಎಲ್ಲಿಯೂ ಕೂರದ ಕಂಪನಿ ಪಡೆದ ರಿಯಾಯಿತಿಯೂ ಒಂದೇ ಅಲ್ಲ.

ದುಬೈ, ಸಿಂಗಪುರ, ಡಬ್ಲಿನ್‌ಗಳಲ್ಲಿ ಕಂಪನಿ ತೆರೆಯಲು ಹೊರಟಿರುವ ನಮ್ಮ ಉದ್ಯಮಿಗಳೂ ಈ ವ್ಯತ್ಯಾಸವನ್ನು ಗಮನಿಸಬೇಕು. ವಿದೇಶದಲ್ಲಿ ನೋಂದಣಿಯಾದ ಕಂಪನಿಯ ಮುಖ್ಯ ನಿರ್ಧಾರಗಳೆಲ್ಲ ಬೆಂಗಳೂರಿನಲ್ಲೇ ಆಗುತ್ತಿದ್ದರೆ, ಅದನ್ನು ಭಾರತದ ಕಂಪನಿಯೆಂದೇ ಎಣಿಸಿ ಇಲ್ಲಿ ತೆರಿಗೆ ಹಾಕುವ ನಿಯಮವಿದೆ. ವರ್ಷದ ವಹಿವಾಟು 50 ಕೋಟಿ ರೂಪಾಯಿ ಮೀರದ ಕಂಪನಿಗಳಿಗೆ 2017ರ ಸುತ್ತೋಲೆಯೊಂದು ಇದರಿಂದ ಬಿಡುವು ಕೊಟ್ಟಿದೆ. ಹಣ ಕಳಿಸುವುದು ಬ್ಯಾಂಕಿನ ಮೂಲಕ, 2022ರ ಸಾಗರೋತ್ತರ ಹೂಡಿಕೆ ನಿಯಮಗಳ ಪ್ರಕಾರ. ಅಲ್ಲಿನ ಷೇರುಗಳ ವಿವರವನ್ನು ಪ್ರತಿವರ್ಷ ಇಲ್ಲಿನ ಆದಾಯ ತೆರಿಗೆ ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ತುಂಬಬೇಕು. ಅದನ್ನು ಖಾಲಿ ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು.