ಮುಕ್ತ ತಂತ್ರಾಂಶಕ್ಕೆ ನಮ್ಮೂರಿನ ಮುಯ್ಯಿ



ತೊರಪಲ್ಲಿ ಅಗ್ರಹಾರವೆಂದೊಡನೆ ಎಲ್ಲರಿಗೂ ನೆನಪಾಗುವವರು ರಾಜಾಜಿ. 1878ರ ಡಿಸೆಂಬರ್ 10ರಂದು ಅವರು ಹುಟ್ಟಿದ್ದು ಈ ಊರಿನಲ್ಲಿ. ಅವರು ಹುಟ್ಟಿದ ಮನೆ ಈಗ ಸ್ಮಾರಕವಾಗಿದೆ. ಹೊಸೂರಿನ ಶಾಲೆಯಲ್ಲಿ, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮುಂದೆ ಸ್ವತಂತ್ರ ಭಾರತದ ಗವರ್ನರ್ ಜನರಲ್ ಆದರು ಎಂಬುದನ್ನು ಮಕ್ಕಳೂ ಬಲ್ಲರು. ಅಷ್ಟಾಗಿ ಮಾತಿಗೆ ಬಾರದ ಇನ್ನೊಂದು ಕೆಲಸವನ್ನೂ ಅವರು ಮಾಡಿದ್ದರು. 1916ರಲ್ಲಿ, ತಮಿಳಿನಲ್ಲಿ ವಿಜ್ಞಾನದ ಪದಗಳನ್ನು ಕಟ್ಟುವುದಕ್ಕೆಂದೇ ಒಂದು ಸಂಘವನ್ನು ಸ್ಥಾಪಿಸಿದರು. ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಖಗೋಳ, ಗಣಿತ ಇವುಗಳಿಗೆ ಬೇಕಾದ ಪದಗಳನ್ನು ರೂಪಿಸುವುದು ಅದರ ಕೆಲಸ. ಆಗ ಅವರು ಸೇಲಂನಲ್ಲಿ ವಕೀಲರು. ಮಂತ್ರಿಯೂ ಅಲ್ಲ, ಪ್ರಾಧ್ಯಾಪಕರೂ ಅಲ್ಲ.

ಹೊಸ ವಿದ್ಯೆ ಬಂದಾಗ ಅದು ನಮ್ಮ ಭಾಷೆಯಲ್ಲಿ ಮಾತಾಡುವಂತೆ ಮಾಡುವವರು ಯಾರಾದರೂ ಬೇಕು. ಆ ಕಾಲಕ್ಕೆ ಹೊಸ ವಿದ್ಯೆ ರಸಾಯನಶಾಸ್ತ್ರವಾಗಿತ್ತು. ನಮ್ಮ ಕಾಲಕ್ಕೆ ಅದು ಗಣಕಯಂತ್ರ ಮತ್ತು ಮೊಬೈಲು. ಇದರಲ್ಲಿ ನಮ್ಮ ನಿಮ್ಮಂಥವರು ಕೈಜೋಡಿಸಬಹುದಾದ ಒಂದು ದಾರಿಯಿದೆ. ಅದರ ಹೆಸರು ಮುಕ್ತ ತಂತ್ರಾಂಶ.

ಮೊದಲು ಈ ಮಾತನ್ನು ಬಿಡಿಸಿ ನೋಡೋಣ. ಗಣಕಯಂತ್ರ ಏನು ಮಾಡಬೇಕೆಂದು ಹೇಳುವ ಆದೇಶಗಳ ಕಟ್ಟೇ ತಂತ್ರಾಂಶ. ಅದನ್ನು ಬರೆದ ಸಾಲುಗಳಿಗೆ ಮೂಲ ಸಂಕೇತ ಎನ್ನುತ್ತಾರೆ. ಹೋಟೆಲಿನ ಸಾರು ಉಂಡವರಿಗೆ ರುಚಿ ಗೊತ್ತಾಗುತ್ತದೆ, ಸಾರಿನ ಪುಡಿಯ ಅಳತೆ ಗೊತ್ತಾಗುವುದಿಲ್ಲ. ಬಹಳಷ್ಟು ಕಂಪನಿಗಳ ತಂತ್ರಾಂಶವೂ ಹಾಗೆಯೇ. ಮುಕ್ತ ತಂತ್ರಾಂಶದಲ್ಲಾದರೋ ಅಳತೆಯ ಚೀಟಿಯನ್ನೂ ಕೈಗೆ ಕೊಡುತ್ತಾರೆ. ಓದಬಹುದು, ಬಳಸಬಹುದು, ಉಪ್ಪು ಖಾರ ಬದಲಿಸಬಹುದು, ಬದಲಿಸಿದ್ದನ್ನು ಮತ್ತೊಬ್ಬರಿಗೂ ಹಂಚಬಹುದು.

ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ‘ಗ್ನು’ ಎಂಬ ಯೋಜನೆಯನ್ನು ಸಾರಿ ಈ ಚಳವಳಿಗೆ ಮೊದಲಿಟ್ಟರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ‘ಲಿನಕ್ಸ್’ ಎಂಬ ತಿರುಳನ್ನು ಬರೆದು ಎಲ್ಲರ ಮುಂದಿಟ್ಟರು. ಇಂದು ಕೋಟ್ಯಂತರ ಜನರ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲಿನ ಒಳಗಿರುವುದೂ ಅದೇ ಲಿನಕ್ಸ್. ಪುಕ್ಕಟೆ ಎಂಬುದಕ್ಕೂ ಮುಕ್ತ ಎಂಬುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ಇಲ್ಲಿ ಗಮನಿಸಬೇಕು. ದುಡ್ಡಿಲ್ಲದೆ ಸಿಕ್ಕಿತೆಂದ ಮಾತ್ರಕ್ಕೆ ತಂತ್ರಾಂಶ ಮುಕ್ತವಾಗುವುದಿಲ್ಲ; ಅದರ ಮೂಲ ಸಂಕೇತವೂ, ಅದನ್ನು ತಿದ್ದುವ ಹಕ್ಕೂ ಸಿಗಬೇಕು.

ನಮ್ಮ ಕಡೆಯ ರೈತರಿಗೆ ಇದು ಹೊಸ ನೀತಿಯೇನಲ್ಲ. ಮುಯ್ಯಾಳಿನ ಪದ್ಧತಿ ನೆನೆಸಿಕೊಳ್ಳಿ. ಇಂದು ನಿಮ್ಮ ಹೊಲದ ರಾಗಿ ಕೊಯ್ಯಲು ನಾನು ಬಂದರೆ, ನಾಳೆ ನನ್ನ ಹೊಲಕ್ಕೆ ನೀವು ಬರುತ್ತೀರಿ. ಕೂಲಿ ಇಲ್ಲ, ಆದರೆ ಲೆಕ್ಕ ತಪ್ಪುವುದಿಲ್ಲ. ಮುಕ್ತ ತಂತ್ರಾಂಶದಲ್ಲಿ ಈ ಮುಯ್ಯಿ ಲೋಕದಷ್ಟು ದೊಡ್ಡದು. ಯಾವುದೋ ದೇಶದವರು ಬರೆದದ್ದನ್ನು ನಾವು ಬಳಸುತ್ತಿದ್ದೇವೆ. ನಮ್ಮ ಸರದಿಯ ಆಳು ಇನ್ನೂ ಹೋಗಿಲ್ಲ, ಅಷ್ಟೇ.

“ನಮಗೆ ಪ್ರೋಗ್ರಾಂ ಬರೆಯಲು ಬಾರದಲ್ಲ” ಎಂದು ನೀವು ಕೇಳಬಹುದು. ಬರಬೇಕಾಗಿಲ್ಲ. ಗಡಿಯ ಜನ ನಮಗೆ ಬರುವ ಒಂದು ವಿದ್ಯೆ ದೊಡ್ಡ ದೊಡ್ಡ ಇಂಜಿನಿಯರುಗಳಿಗೂ ಇರುವುದಿಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು, ಪಕ್ಕದ ಬೀದಿಯಲ್ಲಿ ತೆಲುಗು, ಕಾರ್ಖಾನೆಯಲ್ಲಿ ಒಂದಿಷ್ಟು ಇಂಗ್ಲಿಷು. ಇದು ನಮ್ಮ ದಿನದ ಬಾಳು. ಯಂತ್ರಕ್ಕೆ ಬೇಕಾದದ್ದು ಇದೇ.

ಅದು ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೇಳಿ. ಲೋಕದ ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಟ್ಟು ಪಟ್ಟಿ ಮಾಡಿರುವ ವ್ಯವಸ್ಥೆಗೆ ಯೂನಿಕೋಡ್ ಎಂದು ಹೆಸರು. ಹಳಗನ್ನಡದಲ್ಲಿ ‘ೞ’ ಎಂಬ ಅಕ್ಷರವಿತ್ತು. ತಮಿಳಿನಲ್ಲಿ ‘ತಮಿೞ್’ ಎನ್ನುವಾಗ ಕೊನೆಗೆ ಬರುವ ಅಕ್ಷರ ಅದೇ. ಯೂನಿಕೋಡಿನ ಪಟ್ಟಿಯಲ್ಲಿ ಈ ಅಕ್ಷರಕ್ಕೆ ‘ಫ’ ಎಂದು ತಪ್ಪು ಹೆಸರು ಬಿದ್ದಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿನ ನಿಯಮ. ಆದ್ದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದ ಹೆಸರನ್ನು ಪಕ್ಕದಲ್ಲಿ ಪರ್ಯಾಯವಾಗಿ ಸೇರಿಸಬೇಕಾಯಿತು. ತಮಿಳು, ಕನ್ನಡ ಎರಡೂ ಬಲ್ಲ ಒಬ್ಬ ಮೇಷ್ಟ್ರು ಸಮಯಕ್ಕೆ ಆ ಪಟ್ಟಿಯ ಮೇಲೆ ಕಣ್ಣಾಡಿಸಿದ್ದರೆ ಗಳಿಗೆಯಲ್ಲಿ ಹೇಳಿಬಿಡುತ್ತಿದ್ದರು.

ಇನ್ನು, ಕೈಜೋಡಿಸುವ ಬಗೆ ಹೇಗೆ? ಸುಲಭವಾದದ್ದರಿಂದ ಆರಂಭಿಸೋಣ.

ಮೊದಲನೆಯದು, ತಪ್ಪನ್ನು ಕಂಡು ತಿಳಿಸುವುದು. ಕನ್ನಡದಲ್ಲಿ ‘ಸೂರ್ಯ’ ಎಂಬುದನ್ನು ಅರ್ಕಾವೊತ್ತು ಇಟ್ಟು ಬರೆಯುತ್ತೇವೆ. ಪರೀಕ್ಷೆಯಲ್ಲಿ ಬರುವ ‘ರ‍್ಯಾಂಕ್’ ಎಂಬುದನ್ನು ‘ರ’ಕ್ಕೆ ಯ-ಒತ್ತು ಕೊಟ್ಟು ಬರೆಯುವ ರೂಢಿಯಿದೆ. ಎರಡರಲ್ಲೂ ಇರುವುದು ರಕಾರ, ಯಕಾರಗಳೇ. ಯಂತ್ರಕ್ಕೆ ಈ ಭೇದ ತಿಳಿಸಲು ‘ರ‍್ಯಾಂಕ್’ ಪದದ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಚಿಹ್ನೆ ಇಡುತ್ತಾರೆ. ಯಾವುದಾದರೂ ತಂತ್ರಾಂಶ ಆ ಚಿಹ್ನೆಯನ್ನು ನುಂಗಿಬಿಟ್ಟರೆ ‘ರ‍್ಯಾಂಕ್’ ಹೋಗಿ ‘ರ್ಯಾಂಕ್’ ಆಗುತ್ತದೆ. ಕನ್ನಡ ಓದದ ಪ್ರೋಗ್ರಾಮರನ ಕಣ್ಣಿಗೆ ಇದು ಬೀಳುವುದೇ ಇಲ್ಲ. ನಿಮ್ಮ ಕಣ್ಣಿಗೆ ಬೀಳುತ್ತದೆ.

ತಿಳಿಸುವಾಗ “ಕನ್ನಡ ಸರಿಯಿಲ್ಲ” ಎಂದರೆ ಯಾರಿಗೂ ಉಪಯೋಗವಿಲ್ಲ. ವೈದ್ಯರ ಹತ್ತಿರ ಹೋಗಿ “ಮೈ ಸರಿಯಿಲ್ಲ” ಎಂದಷ್ಟೇ ಹೇಳಿದ ಹಾಗಾಗುತ್ತದೆ. ಮೂರು ಮಾತು ಬರೆಯಿರಿ. ನಾನು ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು. ಅದರ ಜೊತೆಗೆ ತಂತ್ರಾಂಶದ ಹೆಸರು, ಅದರ ಆವೃತ್ತಿಯ ಸಂಖ್ಯೆ, ಮೊಬೈಲೋ ಕಂಪ್ಯೂಟರೋ ಎಂಬುದು, ಪರದೆಯ ಒಂದು ಚಿತ್ರ. ಇದೇ ತಪ್ಪನ್ನು ಬೇರೆ ಯಾರಾದರೂ ಮೊದಲೇ ತಿಳಿಸಿದ್ದಾರೆಯೇ ಎಂದು ಹುಡುಕಿ ನೋಡುವುದು ಒಳ್ಳೆಯದು. ಇಂಗ್ಲಿಷ್ ತಪ್ಪಾದೀತೆಂದು ಹೆದರಬೇಡಿ. ಲಿನಕ್ಸ್ ಬರೆದ ಟೋರ್ವಾಲ್ಡ್ಸರ ಮನೆಮಾತೂ ಇಂಗ್ಲಿಷ್ ಅಲ್ಲ, ಸ್ವೀಡಿಷ್.

ಎರಡನೆಯದು ಅನುವಾದ. ವಿಕಿಪೀಡಿಯ ನಡೆಯುವುದು ಮೀಡಿಯಾವಿಕಿ ಎಂಬ ಮುಕ್ತ ತಂತ್ರಾಂಶದ ಮೇಲೆ. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಅದರ ಗುಂಡಿಗಳ ಮೇಲಿನ ಕನ್ನಡ ಪದಗಳು ಸಿದ್ಧವಾಗುವ ಜಾಗ ಟ್ರಾನ್ಸ್‌ಲೇಟ್‌ವಿಕಿ. ಹಾಗೆಯೇ ಫೈರ್‌ಫಾಕ್ಸ್ ಎಂಬ ಜಾಲದರ್ಶಕಕ್ಕೆ ಪಾಂಟೂನ್, ಪತ್ರ ಲೆಕ್ಕ ಬರೆಯುವ ಲಿಬ್ರೆಆಫೀಸ್‌ಗೆ ವೆಬ್ಲೇಟ್ ಎಂಬ ವ್ಯವಸ್ಥೆಗಳಿವೆ. ಎಲ್ಲದರಲ್ಲೂ ಕ್ರಮ ಒಂದೇ. ಹೆಸರು ನೋಂದಾಯಿಸಿ, ಕನ್ನಡವನ್ನು ಆರಿಸಿಕೊಂಡರೆ, ಇಂಗ್ಲಿಷ್ ವಾಕ್ಯವೂ ಅದರ ಜೊತೆಗೆ ನೀವು ಬರೆಯಬೇಕಾದ ಜಾಗವೂ ಕಾಣುತ್ತವೆ. ದಿನಕ್ಕೆ ಹತ್ತು ವಾಕ್ಯ ಮಾಡಿದರೂ ಸಾಕು.

ಆದರೆ ಇಲ್ಲಿ ಭಾಷೆಯ ವಿವೇಕ ಬೇಕು. ಒಂದು ಕಡತವನ್ನು ತೆರೆಯುವ ಗುಂಡಿಗೆ ‘ತೆಗೆ’ ಎಂದು ಬರೆದರೆ ಏನಾದೀತು? “ಬಾಗಿಲು ತೆಗೆ” ಎಂದರೆ ತೆರೆ ಎಂದರ್ಥ. “ಕಸ ತೆಗೆ” ಎಂದರೆ ಇಲ್ಲದಂತೆ ಮಾಡು ಎಂದರ್ಥ. ಪಹಣಿಯ ಪ್ರತಿಯನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡ ರೈತ ಆ ಗುಂಡಿ ಒತ್ತಲು ಹಿಂಜರಿದರೆ ಅದು ಅವನ ತಪ್ಪಲ್ಲ. ಆದ್ದರಿಂದ ತೆರೆಯುವುದಕ್ಕೆ ‘ತೆರೆ’, ಇಲ್ಲದಂತೆ ಮಾಡುವುದಕ್ಕೆ ‘ಅಳಿಸು’, ಕಾಪಿಡುವುದಕ್ಕೆ ‘ಉಳಿಸು’ ಎಂದು ಬೇರೆ ಬೇರೆ ಪದ ಇರಬೇಕು. ಒಮ್ಮೆ ಬಳಸಿದ ಪದವನ್ನೇ ಎಲ್ಲ ಕಡೆಯೂ ಬಳಸಬೇಕು. ತಮಿಳಿನವರು ಕಡತಕ್ಕೆ ‘ಕೋಪ್ಪು’, ಉಳಿಸುವುದಕ್ಕೆ ‘ಸೇಮಿ’ ಎಂಬ ಪದಗಳನ್ನು ರೂಢಿಗೆ ತಂದಿದ್ದಾರೆ. ಅವರು ಹೇಗೆ ಯೋಚಿಸಿದರು ಎಂದು ನೋಡಿ ಕಲಿಯುವ ಅನುಕೂಲ ಎರಡು ಭಾಷೆ ಬಲ್ಲ ನಮಗುಂಟು.

ಮತ್ತೊಂದು ತೊಡಕು ವಿಭಕ್ತಿಯದು. ವಾಕ್ಯಗಳಲ್ಲಿ ‘$1’ ಎಂಬಂಥ ಗುರುತು ಇರುತ್ತದೆ. ಯಂತ್ರ ಆ ಜಾಗದಲ್ಲಿ ಯಾವುದೋ ಹೆಸರನ್ನು ತಂದು ಕೂರಿಸುತ್ತದೆ. ಆ ಗುರುತನ್ನು ಅಳಿಸಬಾರದು, ತಿದ್ದಬಾರದು. ಅದರ ಮೈಗೆ ನೇರವಾಗಿ ‘ನಿಂದ’ ಎಂದು ಅಂಟಿಸಿದರೆ, ‘ರಾಮ’ ಬಂದಾಗ ‘ರಾಮನಿಂದ’ ಎಂದು ಸರಿಹೋಗುತ್ತದೆ. ‘ಸೀತೆ’ ಬಂದರೆ ‘ಸೀತೆನಿಂದ’ ಎಂದಾಗಿ ಕಿವಿಗೆ ಚುಚ್ಚುತ್ತದೆ. ‘$1 ಅವರಿಂದ’ ಎಂದು ಬರೆದರೆ ಇಬ್ಬರಿಗೂ ಸಲ್ಲುತ್ತದೆ. ಇಂಗ್ಲಿಷಿನ ಒಂದೇ ಕ್ರಿಯಾಪದ ನಮ್ಮಲ್ಲಿ ‘ಬರೆದನು’, ‘ಬರೆದಳು’ ಎಂದು ಎರಡಾಗುತ್ತದೆ. ‘ಬರೆದಿದ್ದಾರೆ’ ಎಂದರೆ ಮರ್ಯಾದೆಯೂ ಉಳಿಯಿತು, ವ್ಯಾಕರಣವೂ ಉಳಿಯಿತು. ಯಂತ್ರಾನುವಾದವನ್ನು ಓದಿ ನೋಡದೆ ಹಾಗೆಯೇ ತುಂಬಿಸಬಾರದು ಎಂಬುದಕ್ಕೆ ಕಾರಣವೂ ಇದೇ.

ಮೂರನೆಯದು ನಕ್ಷೆ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬುದು 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ, ಜನರೇ ಬರೆಯುವ ಲೋಕದ ಭೂಪಟ. ಇದು ತಂತ್ರಾಂಶವಲ್ಲ, ಆದರೆ ನೀತಿ ಅದೇ. ಇದರಲ್ಲಿ ಒಂದು ಊರಿಗೆ ಪ್ರತಿ ಭಾಷೆಯ ಹೆಸರಿಗೂ ಪ್ರತ್ಯೇಕ ಜಾಗವಿದೆ. ನಾವು ದಕ್ಷಿಣ ಪಿನಾಕಿನಿ ಎನ್ನುವ ನದಿಯನ್ನು ತಮಿಳಿನವರು ತೆನ್‌ಪೆಣ್ಣೈ ಎನ್ನುತ್ತಾರೆ. ಎರಡೂ ಹೆಸರು ಅಕ್ಕಪಕ್ಕ ಇರಬಹುದು. ತಮಿಳು ಹೆಸರನ್ನು ಅಳಿಸಿ ಕನ್ನಡ ಬರೆಯುವುದು ಕೂಡದು. ಕನ್ನಡದ ಜಾಗದಲ್ಲಿ ಕನ್ನಡವನ್ನು, ತೆಲುಗಿನ ಜಾಗದಲ್ಲಿ ತೆಲುಗನ್ನು ಸೇರಿಸಬೇಕು. ಕಂಪನಿಗಳ ನಕ್ಷೆ ನೋಡಿ ನಕಲು ಮಾಡುವ ಹಾಗಿಲ್ಲ. ನಿಮ್ಮ ಊರನ್ನು ನೀವು ಬಲ್ಲಿರಿ, ಬಲ್ಲದ್ದನ್ನು ಬರೆಯಿರಿ. ಹಿರಿಯರು ಕರೆಯುವ ಕೆರೆಯ ಹೆಸರು, ಗುಡ್ಡದ ಹೆಸರು ಅವರ ಜೊತೆಗೇ ಹೋಗಿಬಿಡುವ ಮುಂಚೆ ಬರೆದಿಟ್ಟರೆ ಅದೇ ದೊಡ್ಡ ಕೆಲಸ.

ನಾಲ್ಕನೆಯದು ಮೂಲ ಸಂಕೇತವನ್ನೇ ತಿದ್ದುವುದು. ಹೊಸೂರು, ಕೃಷ್ಣಗಿರಿಯ ಕಾಲೇಜುಗಳಲ್ಲಿ ಕಂಪ್ಯೂಟರ್ ಓದುವ ಮಕ್ಕಳು ಇದನ್ನು ಗಮನವಿಟ್ಟು ಕೇಳಬೇಕು. ಟೋರ್ವಾಲ್ಡ್ಸ್ 2005ರಲ್ಲಿ ‘ಗಿಟ್’ ಎಂಬ ಸಾಧನವನ್ನು ಬರೆದರು. ಯಾರು, ಯಾವಾಗ, ಯಾವ ಸಾಲನ್ನು ಬದಲಿಸಿದರು ಎಂಬ ಲೆಕ್ಕವನ್ನು ಅದು ಇಡುತ್ತದೆ. ಕ್ರಮ ಹೀಗಿದೆ. ಯೋಜನೆಯ ಮೂಲ ಪ್ರತಿಯನ್ನು ಯಾರೂ ನೇರವಾಗಿ ಮುಟ್ಟುವುದಿಲ್ಲ. ನೀವು ನಿಮ್ಮದೊಂದು ಪ್ರತಿ ತೆಗೆದುಕೊಳ್ಳುತ್ತೀರಿ. ಇದಕ್ಕೆ ಫೋರ್ಕ್ ಎನ್ನುತ್ತಾರೆ. ಅದರಲ್ಲಿ ತಿದ್ದುಪಡಿ ಮಾಡಿ, ಏನು ಮಾಡಿದಿರೆಂದು ಒಂದು ಸಾಲು ಬರೆದು ದಾಖಲಿಸುತ್ತೀರಿ, ಇದು ಕಮಿಟ್. ಆಮೇಲೆ “ಇದನ್ನು ಮೂಲಕ್ಕೆ ಸೇರಿಸಿಕೊಳ್ಳಿ” ಎಂದು ಅರ್ಜಿ ಹಾಕುತ್ತೀರಿ. ಇದು ಪುಲ್ ರಿಕ್ವೆಸ್ಟ್. ಯೋಜನೆಯನ್ನು ನೋಡಿಕೊಳ್ಳುವವರು ಪರಿಶೀಲಿಸಿ, ಒಪ್ಪಿದರೆ ಸೇರಿಸುತ್ತಾರೆ.

ಮೊದಲ ತಿದ್ದುಪಡಿ ಚಿಕ್ಕದಾಗಿರಲಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಲಿ. ಅನೇಕ ಯೋಜನೆಗಳಲ್ಲಿ ಹೊಸಬರಿಗೆ ತಕ್ಕ ಕೆಲಸಗಳನ್ನು ಬೇರೆಯಾಗಿ ಗುರುತು ಮಾಡಿಟ್ಟಿರುತ್ತಾರೆ. ಕೈಜೋಡಿಸುವವರಿಗೆ ಸೂಚನೆಗಳ ಕಡತವೂ ಇರುತ್ತದೆ. ಅದನ್ನು ಓದದೆ ಹೆಜ್ಜೆ ಇಡಬೇಡಿ. “ಇದು ಹೀಗಲ್ಲ, ಹಾಗೆ ಮಾಡಿ” ಎಂಬ ಉತ್ತರ ಬಂದರೆ ಅವಮಾನವೆಂದು ತಿಳಿಯಬಾರದು. ನಾಟಿ ಮಾಡುವಾಗ ಸಾಲು ಸೊಟ್ಟಗಾದರೆ ಪಕ್ಕದವರು ಹೇಳುವುದಿಲ್ಲವೇ? ಉತ್ತರವೇ ಬಾರದಿದ್ದರೆ ಕೆಲವು ವಾರ ಕಾದು, ವಿನಯದಿಂದ ಒಮ್ಮೆ ನೆನಪಿಸಿ. ಆ ಕಡೆ ಇರುವವರಲ್ಲೂ ಬಹಳ ಮಂದಿ ದಿನದ ದುಡಿಮೆ ಮುಗಿಸಿ ರಾತ್ರಿ ಕೂತು ಕೆಲಸ ಮಾಡುವವರು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಪ್ರತಿ ಯೋಜನೆಗೂ ಒಂದು ಪರವಾನಗಿ ಇರುತ್ತದೆ. ನೀವು ಕೊಟ್ಟದ್ದು ಆ ಪರವಾನಗಿಯ ಪ್ರಕಾರ ಎಲ್ಲರದ್ದಾಗುತ್ತದೆ. ಆಮೇಲೆ “ನನ್ನದು ನನಗೆ ಬೇಕು” ಎಂದರೆ ನಡೆಯದು. ಬೇರೆಯವರ ಪುಸ್ತಕದಿಂದಲೋ, ಕೆಲಸ ಮಾಡುವ ಕಂಪನಿಯಿಂದಲೋ ಎತ್ತಿ ತಂದದ್ದನ್ನು ಕೊಡಲೂಬಾರದು. ಕೊಟ್ಟವರ ಹೆಸರು ಗಿಟ್‌ನ ಲೆಕ್ಕದಲ್ಲಿ ಉಳಿಯುತ್ತದೆ. ಕೆಲಸ ಹುಡುಕುವ ಹುಡುಗ ಹುಡುಗಿಯರಿಗೆ ಅದೇ ಒಂದು ಪ್ರಮಾಣಪತ್ರವಾಗುವುದೂ ಉಂಟು.

ಶ್ರೋತೃಗಳೇ, 1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ನಾವು ಗಡಿಯ ಈಚೆ ಉಳಿದೆವು. ಕಚೇರಿಯ ಕಾಗದ, ಬಸ್ಸಿನ ಫಲಕ ತಮಿಳಿನಲ್ಲಿದೆ, ಅದು ಸಹಜ. ಕನ್ನಡ ಮನೆಯೊಳಗೆ ಉಳಿದುಕೊಂಡಿತು. ಆದರೆ ಜೇಬಿನೊಳಗಿನ ಮೊಬೈಲಿಗೆ ರಾಜ್ಯದ ಗಡಿಯಿಲ್ಲ. ಅದರಲ್ಲಿ ಕನ್ನಡ ಹೇಗಿರಬೇಕೆಂದು ಹೇಳುವುದಕ್ಕೆ ಬೆಂಗಳೂರಿನವರಿಗೆ ಎಷ್ಟು ಹಕ್ಕಿದೆಯೋ ತೊರಪಲ್ಲಿಯವರಿಗೂ ಅಷ್ಟೇ ಹಕ್ಕಿದೆ. ಯಾರ ಸಹಿಯೂ, ಯಾರ ಮೊಹರೂ ಬೇಕಿಲ್ಲ. ಈ ವಾರ ಮೊಬೈಲಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ ನೋಡಿ. ಎಲ್ಲಿ ಓದಿದ್ದು ಅರ್ಥವಾಗಲಿಲ್ಲವೋ, ಎಲ್ಲಿ ಒತ್ತಕ್ಷರ ಒಡೆದು ಕಂಡಿತೋ, ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ. ಆ ತಂತ್ರಾಂಶ ಯಾವುದೆಂದು ಮನೆಯ ಮಕ್ಕಳ ಕೈಯಲ್ಲಿ ಹುಡುಕಿಸಿ, ಒಂದು ತಪ್ಪನ್ನು ತಿಳಿಸಿ.