ಮಿತವ್ಯಯದ ಮನೆವಾರ್ತೆ

ಗೃಹಕೃತ್ಯಕ್ಕೆ ಸಂಬಂಧಿಸಿದ ತಿಳಿವಳಿಕೆಯನ್ನು ಶಾಸ್ತ್ರವೆಂದೇ ಗೌರವಿಸಿ ಬರೆದಿಡುವ ಪದ್ಧತಿ ಕನ್ನಡದಲ್ಲಿ ಬಹು ಪುರಾತನವಾದದ್ದು. ಚಾಳುಕ್ಯ ಜಯಸಿಂಹನ ಕಾಲದಲ್ಲಿದ್ದ ಎರಡನೆಯ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಮಳೆಯ ಲಕ್ಷಣ, ಅಂತರ್ಜಲದ ಶೋಧನೆ, ವೃಕ್ಷಗಳ ಚಿಕಿತ್ಸೆ, ಸುಗಂಧದ್ರವ್ಯಗಳ ತಯಾರಿಕೆ ಇವುಗಳ ಪಂಕ್ತಿಯಲ್ಲಿಯೇ ಅಡುಗೆಯ ವಿಚಾರಕ್ಕೂ ಸ್ಥಾನವುಂಟು, 16ನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು ಪಾಕವಿದ್ಯೆಗಾಗಿಯೇ ‘ಸೂಪಶಾಸ್ತ್ರ’ವೆಂಬ ಪದ್ಯಗ್ರಂಥವನ್ನು ಬರೆದನು. ಇಂಥ ಪರಂಪರೆಯುಳ್ಳ ನಾಡಿನಲ್ಲಿ ಮನೆಯ ಉಪಾಯಗಳು ಒಬ್ಬರ ಬಾಯಿಂದ ಮತ್ತೊಬ್ಬರ ಕಿವಿಗೆ ಸಾಗುವಾಗ ತಮ್ಮ ಕಾರಣಗಳನ್ನು ದಾರಿಯಲ್ಲಿಯೇ ಕಳೆದುಕೊಳ್ಳುತ್ತಿರುವುದು ವ್ಯಸನದ ಸಂಗತಿ. ‘ಹೀಗೆ ಮಾಡಿ’ ಎನ್ನುವವರು ಅನೇಕರು. ‘ಇದಕ್ಕೆ ಕಾರಣ ಇಂಥದು’ ಎಂದು ವಿವರಿಸುವವರು ವಿರಳ. ಕಾರಣವನ್ನರಿಯದೆ ಅನುಸರಿಸಿದ ಉಪಾಯವು ಒಂದು ಮನೆಯಲ್ಲಿ ಫಲಿಸಿ ಇನ್ನೊಂದರಲ್ಲಿ ಕೈಕೊಡುತ್ತದೆ. ಅರಿತವರಾದರೋ ಅದನ್ನು ತಮ್ಮ ಊರಿನ ನೀರಿಗೆ, ಗಾಳಿಗೆ, ಕೈಯಲ್ಲಿರುವ ಕಾಸಿಗೆ ತಕ್ಕಂತೆ ಹೊಂದಿಸಿಕೊಳ್ಳಬಲ್ಲರು.

ಒಲೆಯಿಂದಲೇ ಆರಂಭಿಸೋಣ. ನೀರು ಒಮ್ಮೆ ಕುದಿಯತೊಡಗಿದ ಮೇಲೆ ಉರಿಯನ್ನು ಎಷ್ಟು ಹೆಚ್ಚಿಸಿದರೂ ಅದರ ಉಷ್ಣತೆ ಏರುವುದಿಲ್ಲ; ಹೆಚ್ಚಿನ ಉರಿಯೆಲ್ಲ ನೀರನ್ನು ಆವಿಯಾಗಿಸಿ ಹಾರಿಸುವುದರಲ್ಲಿಯೇ ವ್ಯಯವಾಗುತ್ತದೆ. ಆದಕಾರಣ ಕುದಿ ಬಂದೊಡನೆ ಉರಿಯನ್ನು ಇಳಿಸಿ ಪಾತ್ರೆಗೆ ಮುಚ್ಚಳವಿಡುವುದು ಕಾಸಿಲ್ಲದೆ ಮಾಡಬಹುದಾದ ಮೊದಲನೆಯ ಉಳಿತಾಯ. ಸಮುದ್ರಮಟ್ಟದಲ್ಲಿರುವ ಮಂಗಳೂರಿನಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97 ಡಿಗ್ರಿಯ ಸುಮಾರಿಗೇ ಕುದಿಯುವುದರಿಂದ, ತೆರೆದ ಪಾತ್ರೆಯಲ್ಲಿ ಕಾಳು ಬೇಯಲು ಇಲ್ಲಿ ಇನ್ನಷ್ಟು ಹೊತ್ತು ಬೇಕಾಗುತ್ತದೆ. ಕುಕ್ಕರಿನಲ್ಲಿ ಒತ್ತಡವು ಉಷ್ಣತೆಯನ್ನು ಸುಮಾರು 120 ಡಿಗ್ರಿಗೆ ಏರಿಸುತ್ತದೆ. ಅದರ ವೇಗದ ಗುಟ್ಟೆಲ್ಲ ಇಷ್ಟೆ. ಮೊದಲನೆಯ ಕೂಗು ಬಂದ ಮೇಲೆ ಉರಿಯನ್ನು ತಗ್ಗಿಸಿದರೂ ಒಳಗಿನ ಒತ್ತಡ ನಿಲ್ಲುವುದಾದ್ದರಿಂದ, ದೊಡ್ಡ ಉರಿಯಲ್ಲಿ ಕೂಗಿನ ಮೇಲೆ ಕೂಗು ಹಾಕಿಸುವುದು ಇಂಧನದ ನಷ್ಟವಲ್ಲದೆ ಬೇರೇನೂ ಅಲ್ಲ.

ಬೇಳೆ ಬೇಯುವುದಿಲ್ಲವೆಂಬ ದೂರು ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಯ ಕೊಳವೆಬಾವಿಯ ಮನೆಗಳಲ್ಲಿ ನಿತ್ಯದ ಮಾತು. ಅಂಗಡಿಯವನನ್ನು ದೂಷಿಸುವ ಮೊದಲು ನೀರನ್ನು ಪರೀಕ್ಷಿಸತಕ್ಕದ್ದು. ಗಡಸು ನೀರಿನಲ್ಲಿ ಕರಗಿರುವ ಸುಣ್ಣದಂಶವು ಕಾಳಿನ ಕೋಶಗಳನ್ನು ಹಿಡಿದಿರುವ ಅಂಟನ್ನು ಮತ್ತಷ್ಟು ಬಿಗಿಮಾಡುತ್ತದೆ. ಹುಣಸೆಯ ಹುಳಿಯೂ ಅದು ಕರಗದಂತೆ ತಡೆಯುತ್ತದೆ. ಆದ್ದರಿಂದಲೇ ಬೇಳೆ ಪೂರ್ತಿ ಬೆಂದ ಮೇಲಲ್ಲದೆ ಹುಳಿ ಹಿಂಡಬಾರದೆಂದು ನಮ್ಮ ಅಜ್ಜಿಯರು ಕಟ್ಟುನಿಟ್ಟಾಗಿ ಹೇಳುತ್ತಿದ್ದುದು. ಗಡಸು ನೀರನ್ನು ಹಿಂದಿನ ರಾತ್ರಿ ಚೆನ್ನಾಗಿ ಕುದಿಸಿ ಆರಲು ಬಿಟ್ಟರೆ ಸುಣ್ಣದ ಒಂದು ಭಾಗ ಬಿಳಿಯ ಗಷ್ಟಾಗಿ ತಳಕ್ಕೆ ಇಳಿಯುತ್ತದೆ; ಮೇಲಿನ ತಿಳಿಯನ್ನು ಬಗ್ಗಿಸಿಕೊಂಡು ಅದರಲ್ಲಿ ಬೇಳೆಯನ್ನು ನೆನೆಹಾಕಿ ಬೇಯಿಸಿದರೆ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಮಳೆಯ ನೀರು ಸಿಕ್ಕುವ ದಿನಗಳಲ್ಲಿ ಈ ಶ್ರಮವೂ ಬೇಡ. ಸೋಡಾ ಹಾಕಿದರೆ ಬೇಗನೆ ಬೇಯುವುದು ನಿಜವಾದರೂ, ಅದರಿಂದ ಬಿ1 ಎಂಬ ಜೀವಸತ್ವವು ನಾಶವಾಗುವುದರಿಂದ ಅದನ್ನು ನಿತ್ಯದ ಅಭ್ಯಾಸ ಮಾಡಿಕೊಳ್ಳಬಾರದು.

ಒಂದೇ ಬೇಯಿಸುವಿಕೆಯಿಂದ ಎರಡು ವ್ಯಂಜನಗಳನ್ನು ಪಡೆಯುವ ಕಲೆಯಲ್ಲಿ ಹಳೆಯ ಮೈಸೂರು ಸೀಮೆಯ ಬಸ್ಸಾರಿಗೆ ಸಮನಾದದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ತೊಗರಿಬೇಳೆಯೋ ಹೆಸರುಕಾಳೋ ಅರೆ ಬೆಂದಾಗ ದಂಟಿನ ಸೊಪ್ಪನ್ನೋ ಹುರುಳಿಕಾಯಿಯನ್ನೋ ಹಾಕಿ, ಹದವಾಗಿ ಬೆಂದೊಡನೆ ನೀರನ್ನು ಬಸಿದುಕೊಳ್ಳುವರು. ಬೆಂದ ಸೊಪ್ಪುಬೇಳೆಯಲ್ಲಿ ಒಂದು ಹಿಡಿಯಷ್ಟನ್ನು ತೆಗೆದು, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಧನಿಯ, ತೆಂಗಿನಕಾಯಿಯ ತುರಿ, ಒಂದಿಷ್ಟು ಹುಣಸೆ ಇವುಗಳೊಡನೆ ನುಣ್ಣಗೆ ರುಬ್ಬಿ, ಬಸಿದ ನೀರಿಗೆ ಕದಡಿ ಕುದಿಸಿದರೆ ಸಾರು. ಉಳಿದುದಕ್ಕೆ ಸಾಸಿವೆಯ ಒಗ್ಗರಣೆ ಕೊಟ್ಟು ಕಾಯಿ ಉದುರಿಸಿದರೆ ಪಲ್ಯ. ಸೊಪ್ಪಿನ ಸತ್ವವನ್ನು ಹೀರಿದ ನೀರು ಬಚ್ಚಲಿಗೆ ಹೋಗದೆ ರಾಗಿಮುದ್ದೆಯ ಜೊತೆಗೆ ತಟ್ಟೆಗೇ ಬರುವುದಲ್ಲದೆ, ಒಲೆ ಉರಿದದ್ದು ಒಂದೇ ಸಲ. ಯುಗಾದಿಯ ದಿನ ಹೋಳಿಗೆಗಾಗಿ ಬೇಯಿಸಿದ ಬೇಳೆಯ ಕಟ್ಟನ್ನು ಒಬ್ಬಟ್ಟಿನ ಸಾರಾಗಿಸುವುದೂ, ಉತ್ತರ ಕರ್ನಾಟಕದಲ್ಲಿ ಕಟ್ಟಿನ ಸಾರು ಮಾಡುವುದೂ ಇದೇ ವಿವೇಕದ ಫಲ.

ತರಕಾರಿಯ ಯಾವ ಭಾಗವನ್ನೂ ವಿಚಾರಿಸದೆ ಎಸೆಯದಿರುವುದು ಇದರ ಮುಂದಿನ ಹೆಜ್ಜೆ. ಹೀರೆಕಾಯಿಯ ಏಣುಗಳನ್ನು ಎಣ್ಣೆಯಲ್ಲಿ ಗರಿಯಾಗುವಂತೆ ಹುರಿದು ಉದ್ದಿನಬೇಳೆ, ಹಸಿಮೆಣಸಿನಕಾಯಿಗಳೊಡನೆ ರುಬ್ಬಿದ ಚಟ್ನಿಯು ಹೀರೆಯ ತಿರುಳಿನ ಪಲ್ಯಕ್ಕಿಂತ ರುಚಿಕರವೆಂಬುದು ನನ್ನ ದೃಢವಾದ ಅಭಿಪ್ರಾಯ. ಗೊನೆ ಕಡಿದ ಬಾಳೆಯ ದಿಂಡು ಮೊಸರುಬಜ್ಜಿಯಾಗುತ್ತದೆ. ಹಲಸಿನ ಬೀಜ ಮಣ್ಣಿನಲ್ಲಿ ಹೊರಳಿ ಮಳೆಗಾಲದ ಹುಳಿಗೆ ಕಾದಿರುತ್ತದೆ. ಕಲ್ಲಂಗಡಿಯ ಬಿಳಿಯ ಭಾಗ ಕರಾವಳಿಯಲ್ಲಿ ದೋಸೆಯಾಗುತ್ತದೆ. ಮಲೆನಾಡಿನ ತಂಬುಳಿಗಂತೂ ಹಿತ್ತಲಿನ ಒಂದೆಲಗ, ದೊಡ್ಡಪತ್ರೆ, ದಾಳಿಂಬೆಯ ಸಿಪ್ಪೆ ಇವೇ ಸಾಕು. ತುಪ್ಪದಲ್ಲಿ ಜೀರಿಗೆಯೊಡನೆ ಬಾಡಿಸಿ, ಕಾಯಿಯ ಜೊತೆ ಅರೆದು, ಮಜ್ಜಿಗೆಗೆ ಕದಡಿದರಾಯಿತು. ಉಳಿದ ಅನ್ನದ ವಿಷಯದಲ್ಲಿ ಮಾತ್ರ ಎಚ್ಚರಿಕೆ ಅವಶ್ಯಕ. ಬೆಚ್ಚಗಿನ ಅನ್ನವನ್ನು ಹಾಗೆಯೇ ಬಹಳ ಹೊತ್ತು ಬಿಟ್ಟರೆ ಅದರಲ್ಲಿ ಬೆಳೆಯುವ ಕೆಲವು ಸೂಕ್ಷ್ಮಾಣುಗಳು ಉಂಟುಮಾಡುವ ವಿಷವು ಮರಳಿ ಬಿಸಿಮಾಡಿದರೂ ಹೋಗುವುದಿಲ್ಲ. ಚಿತ್ರಾನ್ನಕ್ಕೆಂದು ಉಳಿಸುವುದಾದರೆ ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ತಣ್ಣಗಿನ ಸ್ಥಳದಲ್ಲಿಟ್ಟು, ಮರುದಿನ ಬೆಳಿಗ್ಗೆಯೇ ಮುಗಿಸತಕ್ಕದ್ದು.

ದವಸಧಾನ್ಯಗಳ ರಕ್ಷಣೆ ಸಂಸಾರದ ಖರ್ಚಿನಲ್ಲಿ ಕಣ್ಣಿಗೆ ಕಾಣದ ದೊಡ್ಡ ಅಂಶ. ಹೆಸರುಕಾಳು, ಅಲಸಂದೆ, ಕಡಲೆಗಳಿಗೆ ಕುಟ್ಟೆ ಹಿಡಿಯುವುದು ಹೇಗೆಂದರೆ, ಹೆಣ್ಣು ಹುಳು ಕಾಳಿನ ಮೈಮೇಲೆ ಮೊಟ್ಟೆಯನ್ನು ಅಂಟಿಸುತ್ತದೆ, ಮರಿಯು ಅಲ್ಲಿಂದಲೇ ಒಳಕ್ಕೆ ಕೊರೆದುಕೊಂಡು ಹೋಗುತ್ತದೆ. ಕಾಳನ್ನು ಬಿಸಿಲಿಗೆ ಒಣಗಿಸಿ, ಪೂರ್ಣವಾಗಿ ಆರಿದ ಮೇಲೆ, ಕಿಲೋ ಒಂದಕ್ಕೆ ಒಂದು ಟೀ ಚಮಚದಷ್ಟು ಹರಳೆಣ್ಣೆಯನ್ನು ಅಂಗೈಗೆ ಸವರಿಕೊಂಡು ಪ್ರತಿಯೊಂದು ಕಾಳಿಗೂ ತಗಲುವಂತೆ ಉಜ್ಜಿದರೆ, ಆ ತೆಳುವಾದ ಪೊರೆಯು ಮೊಟ್ಟೆಗೆ ಉಸಿರಾಡಲು ಅವಕಾಶ ಕೊಡುವುದಿಲ್ಲ. ಎಣ್ಣೆ ಹೆಚ್ಚಾದರೆ ಜಿಡ್ಡು, ಕಡಿಮೆಯಾದರೆ ವ್ಯರ್ಥ. ಕಾಳಿನ ಮೇಲೆ ಹೊಳಪು ಕಾಣಬೇಕು, ಬೆರಳಿಗೆ ಎಣ್ಣೆ ಹತ್ತಬಾರದು. ಬಿತ್ತನೆಯ ಕಾಳಿಗೆ ಜರಡಿ ಹಿಡಿದ ಒಲೆಯ ಬೂದಿಯನ್ನು ಬೆರೆಸುತ್ತಿದ್ದರು. ನಯವಾದ ಬೂದಿಯು ಕಾಳುಗಳ ನಡುವಿನ ಸಂದುಗಳನ್ನು ತುಂಬಿ ಹುಳುವಿನ ಸಂಚಾರವನ್ನು ತಡೆಯುತ್ತದೆ.

ಹಿಂದೆ ರಾಗಿಯನ್ನು ಹಗೇವುಗಳಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ನೆಲದೊಳಗಿನ ಆ ಕಣಜದ ಬಾಯನ್ನು ಮಣ್ಣಿನಿಂದ ಮುಚ್ಚಿದ ಮೇಲೆ ಧಾನ್ಯದ ಉಸಿರಾಟದಿಂದಲೇ ಒಳಗಿನ ಪ್ರಾಣವಾಯು ಕ್ಷೀಣಿಸಿ ಹುಳುಗಳು ಬದುಕದಂತಾಗುತ್ತಿದ್ದವು; ತೆರೆದೊಡನೆ ಮನುಷ್ಯನು ಇಳಿದರೆ ಅವನಿಗೂ ಅಪಾಯವೆಂದು ಮೊದಲು ದೀಪವನ್ನು ಇಳಿಬಿಟ್ಟು ನೋಡುತ್ತಿದ್ದುದು ಇದೇ ಕಾರಣಕ್ಕೆ. ಇಂದಿನ ಅಡುಗೆಮನೆಗೆ ಇದರಿಂದ ಒಂದು ಪಾಠವುಂಟು: ಧಾನ್ಯವನ್ನು ಡಬ್ಬಿಯ ಕಂಠದವರೆಗೆ ತುಂಬಿ ಭದ್ರವಾಗಿ ಮುಚ್ಚಬೇಕು, ಖರ್ಚಾಗುತ್ತ ಬಂದಂತೆ ಚಿಕ್ಕ ಡಬ್ಬಿಗೆ ವರ್ಗಾಯಿಸಬೇಕು. ಅರ್ಧ ಖಾಲಿಯಾದ ದೊಡ್ಡ ಡಬ್ಬಿಯು ನುಸಿಗೆ ನಾವೇ ಕಟ್ಟಿಕೊಟ್ಟ ಛತ್ರ.

ತರಕಾರಿಯನ್ನು ಬಾಡದಂತೆ ಇಡುವುದಕ್ಕೆ ಶೀತಪೆಟ್ಟಿಗೆಯೇ ಬೇಕೆಂದಿಲ್ಲ. ನೈಜೀರಿಯಾದ ಅಧ್ಯಾಪಕ ಮಹಮ್ಮದ್ ಬಾ ಅಬ್ಬಾ ಎಂಬವರು 1995ರ ಸುಮಾರಿಗೆ ಒಂದು ಮಣ್ಣಿನ ಪಾತ್ರೆಯೊಳಗೆ ಇನ್ನೊಂದನ್ನಿರಿಸಿ ನಡುವೆ ಒದ್ದೆ ಮರಳನ್ನು ತುಂಬುವ ಉಪಾಯವನ್ನು ತಮ್ಮ ನಾಡಿನ ಬಡ ರೈತರಲ್ಲಿ ಬಳಕೆಗೆ ತಂದು, 2000ದಲ್ಲಿ ರೋಲೆಕ್ಸ್ ಪ್ರಶಸ್ತಿಗೆ ಪಾತ್ರರಾದರು. ಒಂದು ಗ್ರಾಂ ನೀರು ಆರಿಹೋಗುವಾಗ ಸುಮಾರು 580 ಕ್ಯಾಲರಿ ಶಾಖವನ್ನು ಸುತ್ತಲಿನಿಂದ ಎಳೆದುಕೊಳ್ಳುವುದರಿಂದ ಒಳಗಿನ ಗಡಿಗೆ ತಂಪಾಗುತ್ತದೆ. ನಮ್ಮ ಹೂಜಿಯ ನೀರು ತಣ್ಣಗಾಗುವ ಕ್ರಮವೂ ಇದೇ. ಇಲ್ಲಿ ಗಾಳಿ ಒಣದಾಗಿರುವುದು ಮುಖ್ಯ. ರಾಯಚೂರು, ಕಲಬುರಗಿ, ಬಳ್ಳಾರಿಗಳ ಬೇಸಗೆಯಲ್ಲಿ ಮೇಲೊಂದು ಒದ್ದೆ ಗೋಣಿ ಹೊದಿಸಿ ನೆರಳಿನಲ್ಲಿ, ಗಾಳಿಯಾಡುವಲ್ಲಿ ಇಟ್ಟರೆ ಇದು ಸೊಗಸಾಗಿ ಕೆಲಸಮಾಡುತ್ತದೆ. ತೇವಭರಿತವಾದ ಕರಾವಳಿಯ ಗಾಳಿಯಲ್ಲಿ ನೀರು ಆರುವುದೇ ನಿಧಾನವಾದ್ದರಿಂದ ಉಡುಪಿಯವರು ಇದರಿಂದ ಹೆಚ್ಚಿನದನ್ನು ನಿರೀಕ್ಷಿಸಲಾಗದು. ಹಸಿಮೆಣಸಿನಕಾಯಿಯ ತೊಟ್ಟು ತೆಗೆದಿಡುವುದು, ಈರುಳ್ಳಿಯನ್ನು ಆಲೂಗಡ್ಡೆಯಿಂದ ದೂರವಿಟ್ಟು ಗಾಳಿಗೆ ಹರಡುವುದು ಇವು ಎಲ್ಲ ಊರುಗಳಿಗೂ ಸಲ್ಲುವಂಥವು.

ಅಡುಗೆಮನೆಯ ಒಪ್ಪ ಓರಣಕ್ಕೆ ಒಂದೆರಡು ಮಾತು ಸಾಕು. ದಿನಕ್ಕೆ ಮೂರು ಸಲ ಕೈಗೆ ಬೇಕಾದ ವಸ್ತುಗಳು ಸೊಂಟಕ್ಕೂ ಕಣ್ಣಿಗೂ ನಡುವಿನ ಎತ್ತರದಲ್ಲಿರಲಿ, ಹಬ್ಬಕ್ಕೊಮ್ಮೆ ಇಳಿಸುವ ಪಾತ್ರೆಗಳು ಅಟ್ಟಕ್ಕೇರಲಿ. ಹೊಸ ಬೇಳೆಯನ್ನು ಹಳೆಯದರ ಮೇಲೆ ಸುರಿಯದೆ ಹಳೆಯದನ್ನು ಮೊದಲು ತೆಗೆದಿಟ್ಟುಕೊಳ್ಳಬೇಕು. ಒಳಗಿನ ಪದಾರ್ಥ ಹೊರಗೆ ಕಾಣುವ ಗಾಜಿನ ಬಾಟಲಿಗಳನ್ನು ತೊಳೆದು ಒಣಗಿಸಿ ಬಳಸಿದರೆ, ಮನೆಯಲ್ಲಿರುವ ಸಾಸಿವೆಯನ್ನೇ ಪುನಃ ಕೊಂಡು ತರುವ ಪ್ರಮೇಯ ಬರುವುದಿಲ್ಲ. ಕಬ್ಬಿಣದ ಕಾವಲಿಗೆ ದೋಸೆ ಅಂಟುತ್ತಿದ್ದರೆ ಅದನ್ನು ಸೋಪಿನಿಂದ ತಿಕ್ಕುವುದನ್ನು ಬಿಟ್ಟು, ಕಾಯಿಸಿ, ಎಣ್ಣೆಯಲ್ಲದ್ದಿದ ಅರ್ಧ ಈರುಳ್ಳಿಯಿಂದ ಕೆಲವು ದಿನ ಉಜ್ಜಬೇಕು; ಕಾದ ಎಣ್ಣೆಯೇ ಗಟ್ಟಿಯಾದ ನುಣುಪು ಪದರವಾಗಿ ಲೋಹಕ್ಕೆ ಕೂಡಿಕೊಳ್ಳುತ್ತದೆ. ಹಿತ್ತಾಳೆಯ ದೀಪಕ್ಕೆ ಪೇಟೆಯ ಪುಡಿಯೇಕೆ? ಸಾರಿಗೆ ಹಿಂಡಿ ಉಳಿದ ಹುಣಸೆಯ ನಾರಿನಲ್ಲಿ ಕಿಲುಬನ್ನು ಕರಗಿಸುವಷ್ಟು ಹುಳಿ ಇದ್ದೇ ಇರುತ್ತದೆ.

ಅಲಂಕಾರಕ್ಕೆ ಬಂದರೆ, ಸುಣ್ಣದ ಗೋಡೆಗಿಂತ ಅಗ್ಗವೂ ಪ್ರಸನ್ನವೂ ಆದದ್ದು ಮತ್ತೊಂದಿಲ್ಲ. ನೀರಿನಲ್ಲಿ ಅರಳಿದ ಸುಣ್ಣವು ಗೋಡೆಯ ಮೇಲೆ ಗಾಳಿಯಿಂದ ಇಂಗಾಲಾಮ್ಲವನ್ನು ಹೀರಿ ನಿಧಾನವಾಗಿ ಕಲ್ಲಿನ ಗುಣವನ್ನು ಪಡೆಯುತ್ತದೆ. ಆದ್ದರಿಂದ ಗೋಡೆಯನ್ನು ಮೊದಲು ತೇವಗೊಳಿಸಿ, ಹಾಲಿನಂತೆ ತೆಳುವಾದ ಸುಣ್ಣವನ್ನು ಎರಡು ಮೂರು ಸಲ ಬಳಿಯುವುದು ದಪ್ಪವಾಗಿ ಒಮ್ಮೆ ಬಳಿಯುವುದಕ್ಕಿಂತ ಶ್ರೇಷ್ಠ. ತಾರಸಿಗೆ ಬಳಿದರೆ ಬಿಸಿಲನ್ನು ಪ್ರತಿಫಲಿಸಿ ಕೆಳಗಿನ ಕೋಣೆಯ ಧಗೆಯನ್ನೂ ತಗ್ಗಿಸುತ್ತದೆ. ಸಾಗರ, ಸೊರಬಗಳ ಕಡೆಯ ದೀವರ ಹೆಂಗಸರು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವನ್ನು ಕಂಡವರಿಗೆ, ಶೋಭೆಗೆ ದುಡ್ಡೇ ಬೇಕೆಂಬ ಭ್ರಾಂತಿ ಉಳಿಯಲಾರದು. ಅರೆದ ಅಕ್ಕಿಯಿಂದ ಬಿಳುಪು, ಕರಿಯಾಗುವಂತೆ ಹುರಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಕುಂಚವಾದರೋ ಪುಂಡಿಯ ನಾರು. ಆ ಗೆರೆಗಳಲ್ಲಿ ಒಂದೂ ನಡುಗುವುದಿಲ್ಲ.

ಹಳೆಯ ಸೀರೆ, ಪಂಚೆಗಳಿಗೆ ಉತ್ತರ ಕರ್ನಾಟಕದ ಕೌದಿಗಿಂತ ಉತ್ತಮವಾದ ಸದ್ಗತಿಯಿಲ್ಲ. ಮೆತ್ತಗಾದ ಹತ್ತಿಯ ಬಟ್ಟೆಯನ್ನು ನಾಲ್ಕೈದು ಪದರ ಹರಡಿ, ಮೇಲೆ ಇಳಕಲ್ಲಿನ ಅಂಚು, ಕುಬಸದ ಖಣ, ಮಕ್ಕಳ ಅಂಗಿಯ ತುಂಡುಗಳನ್ನು ಬಣ್ಣ ಹೊಂದಿಸಿ ಜೋಡಿಸಿ, ದಪ್ಪ ದಾರದಿಂದ ಅಂಚಿನಗುಂಟ ಹೊಲಿಯುತ್ತ ಸುತ್ತಿ ಸುತ್ತಿ ಮಧ್ಯಕ್ಕೆ ಬರುವುದು ಅದರ ಕ್ರಮ. ಹಳಿಯಾಳ, ಯಲ್ಲಾಪುರಗಳ ಸಿದ್ದಿ ಹೆಂಗಸರ ಕೌದಿಗಳಲ್ಲಿ ಈ ಸುತ್ತು ಹೊಲಿಗೆಯ ಸೊಬಗು ಎದ್ದು ಕಾಣುತ್ತದೆ. ಪದರಗಳ ನಡುವೆ ಸಿಕ್ಕ ಗಾಳಿಯೇ ಬೆಚ್ಚಗಿಡುವುದು, ಒತ್ತಾದ ಹೊಲಿಗೆಯೇ ಒಗೆದಾಗ ಪದರಗಳು ಜಾರದಂತೆ ಹಿಡಿಯುವುದು; ಹೊಲಿಗೆ ವಿರಳವಾದ ಕೌದಿ ಒಂದೆರಡು ಒಗೆತಕ್ಕೆ ಗಂಟುಗಂಟಾಗುತ್ತದೆ. ನೈಲಾನಿನ ಬಟ್ಟೆಯನ್ನು ಬೆರೆಸಬಾರದು. ಅದು ಬೆವರನ್ನು ಹೀರುವುದಿಲ್ಲ.

ಅಗ್ಗವೆಂಬ ಒಂದೇ ಕಾರಣಕ್ಕೆ ಒಪ್ಪಬಾರದ ಉಪಾಯಗಳೂ ಕೆಲವುಂಟು. ಕರಿದ ಬಜ್ಜಿಯ ಎಣ್ಣೆ ಹೀರಲು ವೃತ್ತಪತ್ರಿಕೆಯನ್ನು ಹಾಸಿದರೆ ಮುದ್ರಣದ ಮಸಿ ತಿನಿಸಿಗೆ ಹತ್ತುತ್ತದೆ. ಇದನ್ನು ಬಿಡಬೇಕೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2016ರಲ್ಲಿಯೇ ಸಲಹೆ ನೀಡಿದೆ, ಬಾಳೆಯೆಲೆ ಅದಕ್ಕಿಂತ ಲೇಸು. ಎಳೆಯ ಕೂಸಿನ ಬಟ್ಟೆಗಳ ನಡುವೆ ನುಸಿಗುಳಿಗೆ ಇಡದೆ ಒಣಗಿದ ಬೇವಿನೆಲೆಯನ್ನು ಗಂಟು ಕಟ್ಟಿ ಇಡಬಹುದು; ಆ ಗುಳಿಗೆಯ ಆವಿ ಕೆಲವು ಶಿಶುಗಳ ರಕ್ತಕ್ಕೆ ಹಾನಿಕರ. ಬಣ್ಣ, ಕ್ರಿಮಿನಾಶಕಗಳು ಬಂದ ಡಬ್ಬಿಯಲ್ಲಿ, ಎಷ್ಟು ತೊಳೆದಿದ್ದರೂ, ಧಾನ್ಯವನ್ನು ತುಂಬಲಾಗದು. ಹಿತ್ತಾಳೆಯ ಪಾತ್ರೆಯ ಕಲಾಯಿ ಸವೆದು ಒಳಗೆ ಹಳದಿ ಲೋಹ ಕಾಣತೊಡಗಿದರೆ ಅದರಲ್ಲಿ ಸಾರು, ಮಜ್ಜಿಗೆಹುಳಿಗಳನ್ನು ಮಾಡದೆ ಮರಳಿ ಕಲಾಯಿ ಹಾಕಿಸಬೇಕು. ಕಲಾಯಿಗಾರ ಸಿಕ್ಕದ ಊರಿನಲ್ಲಿ ಅದಕ್ಕೆ ನೀರು ತುಂಬಿ ಹಜಾರದ ಮೂಲೆಯಲ್ಲಿ ಹಿತ್ತಲ ಹೂಗಳನ್ನು ತೇಲಿಬಿಡಲು ಬಳಸಬಹುದು.